ಬಟ್ಟಲಲ್ಲಿ ಬಂದ ಬಸವನಹುಳು

ಏಪ್ರಿಲ್ 14ರ ಸೋಮವಾರ ಬೆಳಿಗ್ಗೆ ಇನೋಬತ್ ತಮ್ಮ ಗಾಜಿನ ತೊಟ್ಟಿಯ ಎಡಮೂಲೆಯಲ್ಲಿ ಎಳ್ಳಿನ ಗಾತ್ರದ ಕಂದು ಚುಕ್ಕೆಯೊಂದನ್ನು ಕಂಡರು. ಚುಕ್ಕೆ ಮೇಲಕ್ಕೆ ಹತ್ತುತ್ತಿತ್ತು. ಭೂತಗನ್ನಡಿ ತಂದು ನೋಡಿದರು. ಬಸವನಹುಳು.

ಇನೋಬತ್‌ಗೆ ಅರವತ್ತೊಂದು ವರ್ಷ. ನಿವೃತ್ತಿಯಾಗುವವರೆಗೆ ನೀರು ಪರೀಕ್ಷೆಯ ಪ್ರಯೋಗಾಲಯದಲ್ಲಿದ್ದವರು. ತಾಷ್ಕೆಂಟಿನ ಹಕ್ಕಿ ಸಂತೆಯಲ್ಲಿ ಪ್ರತಿ ಭಾನುವಾರ ಅಕ್ವೇರಿಯಂ ಗಿಡ ಮಾರುತ್ತಾರೆ. ಇಪ್ಪತ್ತಾರು ವರ್ಷಗಳಲ್ಲಿ ಅವರ ಗಿಡದೊಂದಿಗೆ ಒಂದು ಹುಳುವೂ ಯಾರ ಮನೆಗೂ ಹೋಗಿರಲಿಲ್ಲ. ಹೊರಗಿನಿಂದ ಬಂದ ಗಿಡ ಯಾರದ್ದೇ ಇರಲಿ, ಮೊದಲು ಪಟಿಕದ ನೀರಿನಲ್ಲಿ ಮುಳುಗಿಸಿ, ಆಮೇಲೆ ಬೇರೆ ಜಾಡಿಯಲ್ಲಿಟ್ಟು ವಾರಗಟ್ಟಲೆ ಕಾಯುವುದು ಅವರ ಕ್ರಮ. ಗಿಡ ಕೊಟ್ಟವರ ಎದುರಿಗೇ ಹಾಗೆ ಮಾಡಿ ಮೂರ್ನಾಲ್ಕು ಸ್ನೇಹ ಕಳೆದುಕೊಂಡಿದ್ದರು.

ಆ ಕ್ರಮ ತಪ್ಪಿದ್ದು ಒಂದೇ ಸಲ, ಮೂರು ವಾರದ ಹಿಂದೆ. ನವ್ರೂಜ್ ಹಬ್ಬಕ್ಕೆ ಬೀದಿಯವರೆಲ್ಲ ಸೇರಿ ಗೋಧಿ ಮೊಳಕೆಯ ಸುಮಲಕ್ ಕಾಯಿಸಿದ್ದರು. ಇನೋಬತ್ ಒಂದು ಬಟ್ಟಲು ಸುಮಲಕ್ಕನ್ನು ಪಕ್ಕದ ಮನೆಯ ಸಲೋಮತ್‌ಗೆ ಕಳಿಸಿದರು. ಸಲೋಮತ್‌ಗೆ ಎಪ್ಪತ್ತೆಂಟು, ಬೀದಿಗೆಲ್ಲ ಆಕೆ ಖೋಲಾ, ಅಂದರೆ ಚಿಕ್ಕಮ್ಮ. ಬಟ್ಟಲನ್ನು ಖಾಲಿ ಹಿಂತಿರುಗಿಸುವ ಪದ್ಧತಿ ಅಲ್ಲಿಲ್ಲ. ಒಂದು ಹಿಡಿ ಒಣದ್ರಾಕ್ಷಿ, ಎರಡು ಮೊಟ್ಟೆ, ಏನೂ ಇಲ್ಲದಿದ್ದರೆ ಚಿಟಿಕೆ ಉಪ್ಪು ಇರಲೇಬೇಕು. ಸಲೋಮತ್ ತುಸು ಹೆಚ್ಚೇ ಯೋಚಿಸಿದ್ದರು. ಊರಾಚೆ ಮಗಳ ಮನೆಯ ಕೊಳದಿಂದ ಕಿತ್ತ ಹಸಿರು ಜೊಂಡಿನ ಎಳೆಯೊಂದನ್ನು ಬಟ್ಟಲ ನೀರಿನಲ್ಲಿ ತೇಲಿಸಿಕೊಂಡು ತಾವೇ ಬಂದಿದ್ದರು.

"ನಿಂಗೆ ದ್ರಾಕ್ಷಿ ತಂದ್ರೆ ಏನು ಬಂತೇ? ನಿಂಗೆ ಹುಲ್ಲೇ ತಾನೆ ಇಷ್ಟ. ಹಾಕು, ಹಾಕು, ಅದು ಹೇಗೆ ನಿಲ್ಲುತ್ತೆ ನೋಡ್ಕೊಂಡು ಹೋಗ್ತೀನಿ" ಎಂದು ತೊಟ್ಟಿಯ ಮುಂದೆ ಸ್ಟೂಲ್ ಎಳೆದು ಕೂತರು.

ಪಟಿಕದ ಡಬ್ಬ ಕಪಾಟಿನಲ್ಲಿತ್ತು. ಮರಳಿ ಬಂದ ಬಟ್ಟಲಿನ ವಸ್ತುವನ್ನು ಹಿರಿಯರ ಕಣ್ಣೆದುರು ಔಷಧದಲ್ಲಿ ತೊಳೆದರೆ ನಿನ್ನ ಕೈ ಗಲೀಜು ಎಂದಂತೆ. ಸಂತೆಯವರ ಜೊತೆ ಆ ಮಾತು ಆಡಬಹುದಿತ್ತು, ಖೋಲಾ ಜೊತೆ ಆಗುತ್ತಿರಲಿಲ್ಲ. ಇನೋಬತ್ ಜೊಂಡನ್ನು ನೇರವಾಗಿ ತೊಟ್ಟಿಗೆ ಬಿಟ್ಟರು. ಬಹುಶಃ ಅದರ ಎಲೆಯಡಿ ಲೋಳೆಯಂಥ ಮೊಟ್ಟೆಗಳಿದ್ದವು.

ಅದೇ ತೊಟ್ಟಿಯಲ್ಲಿ ಬಹ್ರೋಮನಿಗೆಂದು ಬೆಳೆಸಿದ ಗಿಡಗಳ ಹನ್ನೆರಡು ಕುಂಡಗಳಿದ್ದವು. ಬಹ್ರೋಮ್ ಸಮರ್‌ಕಂದ್‌ನವನು, ಏಂಜೆಲ್ ಮೀನು ಮರಿ ಮಾಡಿಸುತ್ತಾನೆ. ಆ ಮೀನು ಅಗಲವಾದ ಎಲೆಯ ಮೇಲೆ ಮೊಟ್ಟೆಯಿಡುತ್ತದೆ. ಬೇರೆ ಯಾರಿಂದಲೋ ಕೊಂಡ ಗಿಡದ ಜೊತೆ ಬಂದ ಹುಳುಗಳು ಅವನ ಎರಡು ಸರದಿಯ ಮೊಟ್ಟೆಯನ್ನು ತಿಂದು ಮುಗಿಸಿದ್ದವು. ಅವನು ತೊಟ್ಟಿ ಬರಿದು ಮಾಡಿ, ಮರಳನ್ನೂ ಕುದಿಸಿ, ಇನೋಬತ್ ಹತ್ತಿರ ಬಂದಿದ್ದ. "ಓಪಾ, ನಿಮ್ಮ ಮಾತು ಒಂದೇ ಸಾಕು ನಂಗೆ" ಎಂದಿದ್ದ. ಓಪಾ ಅಂದರೆ ಅಕ್ಕ. ಗಿಡ ಒಯ್ಯಲು ಅವನು ಬರುವುದು ಮುಂದಿನ ಭಾನುವಾರ. ಉಳಿದಿದ್ದು ಆರು ದಿನ.

ಇನೋಬತ್ ಸೋಮವಾರ ಸಂಜೆ ಎಲೆಕೋಸಿನ ಎಲೆಯೊಂದನ್ನು ಬಿಸಿನೀರಿನಲ್ಲಿ ಬಾಡಿಸಿ ತೊಟ್ಟಿಯೊಳಗೆ ಇಳಿಬಿಟ್ಟರು. ಬೆಳಿಗ್ಗೆ ಎತ್ತಿದಾಗ ಎಲೆಯಡಿ ನಲವತ್ತಮೂರು ಹುಳುಗಳಿದ್ದವು. ಬುಧವಾರ ಇಪ್ಪತ್ತೊಂಬತ್ತು. ಗುರುವಾರ ಹನ್ನೊಂದು. ಸಂಖ್ಯೆ ಇಳಿಯುತ್ತಿತ್ತು. ಆದರೆ ಕೋಸು ತಿನ್ನಲು ಬರುವುದು ಹುಳು, ಮೊಟ್ಟೆಯಲ್ಲ.

ಸೋಮವಾರವೇ ಒಂದು ಕುಂಡವನ್ನು ಗಟ್ಟಿ ಪಟಿಕದ ನೀರಿನಲ್ಲಿ ಅದ್ದಿ ಪರೀಕ್ಷೆಗಿಟ್ಟಿದ್ದರು. ಈ ಜಾತಿಯ ಗಿಡಕ್ಕೆ ನೀರು ಬದಲಾದರೇ ಸಾಕು, ಮುನಿಸಿಕೊಳ್ಳುತ್ತದೆ. ಗುರುವಾರದ ಹೊತ್ತಿಗೆ ಅದರ ಎಲೆಗಳು ಪಾರದರ್ಶಕವಾಗಿ ಕರಗಿ, ಗೆಡ್ಡೆಯೂ ಮೆತ್ತಗಾಗಿತ್ತು.

ಸಂತೆಯಲ್ಲಿ ಪಕ್ಕದಲ್ಲೇ ಗಪ್ಪಿ ಮೀನು ಮಾರುವ ಪಾಕ್ ಅಂದು ಮಧ್ಯಾಹ್ನ ಚಹಾಕ್ಕೆ ಬಂದಿದ್ದ. ಮೇಜಿನ ಮೇಲಿನ ಬಟ್ಟಲಲ್ಲಿ ಹುಳು ಕಂಡವನೇ ಟೋಪಿ ತೆಗೆದ.

"ಕೊನೆಗೂ! ಇಪ್ಪತ್ತಾರು ವರ್ಷ ನಮ್ಮನ್ನೆಲ್ಲ ಕೊಳಕರು ಅಂದ್ರಿ. ದೇವರಿದಾನೆ."

"ಇದಾನೆ. ನಿನ್ನ ಗಪ್ಪಿಗಳು ಇನ್ನೂ ಬದುಕಿರೋದೇ ಅದಕ್ಕೆ ಸಾಕ್ಷಿ."

"ಅಷ್ಟೊಂದು ಯಾಕೆ ತಲೆ ಕೆಡಿಸ್ಕೊಳ್ತೀರಿ ಓಪಾ? ಮೈಲುತುತ್ತ ಹಾಕಿ. ಒಂದೇ ದಿನ, ಎಲ್ಲ ಸಾಫ್."

"ತಾಮ್ರದಲ್ಲಿ ಅದ್ದಿದ ಗಿಡಾನ ಮರಿ ಮಾಡೋ ತೊಟ್ಟಿಗೆ ಕೊಡ್ಲಾ? ಹುಳದ ಬದಲು ಮೀನೇ ಸಾಯ್ಲಿ ಅಂತಾನಾ?"

"ಹಾಗಾದ್ರೆ ಬಾಯ್ಮುಚ್ಕೊಂಡು ಕೊಡಿ. ಸಮರ್‌ಕಂದ್ ದೂರ. ಹುಳ ಕಂಡ್ರೆ ದಾರೀಲಿ ಬಂತು ಅಂತಾನೆ."

"ಅವನು ಹಾಗೇ ಅಂತಾನೆ" ಎಂದರು ಇನೋಬತ್. "ನನ್ನ ಮೇಲೆ ಅನುಮಾನ ಪಡೋದು ಅವನಿಗೆ ಗೊತ್ತಿಲ್ಲ. ಅದಕ್ಕೇ ಕೊಡೋ ಹಾಗಿಲ್ಲ."

ಆಗಲೇ ಬಾಗಿಲಲ್ಲಿ ಸಲೋಮತ್ ಕಾಣಿಸಿಕೊಂಡರು. ಮೊದಲ ಪ್ರಶ್ನೆ ಜೊಂಡಿನದು. "ಚೆನ್ನಾಗಿ ಬೆಳೀತಿದೆ ಖೋಲಾ" ಎಂದರು ಇನೋಬತ್. ಅದು ಸುಳ್ಳಾಗಿರಲಿಲ್ಲ. ಪಾಕ್ ಚಹಾದ ಪಿಯಾಲೆಯೊಳಗೆ ಕೆಮ್ಮಿದ. ಸಲೋಮತ್‌ರ ಕಣ್ಣು ಬಟ್ಟಲ ಮೇಲೆ ಬಿತ್ತು.

"ಇದೇನೇ, ಹುಳಾನಾ? ಎಸೀಬೇಡ್ವೇ, ಪಾಪ! ನನ್ನ ಬುರ್ಲಿಗೆ ಕೊಡು. ಚಿಪ್ಪು ತಿಂದ್ರೆ ಗಂಟಲು ತೆರೆಯುತ್ತೆ ಅದಕ್ಕೆ."

ದ್ರಾಕ್ಷಿ ಚಪ್ಪರದಡಿ ಪಂಜರದಲ್ಲಿ ಕೂಗುವ ಅವರ ಬುರ್ಲಿ ಹಕ್ಕಿಗೆಂದು ಎಂಬತ್ತಮೂರು ಹುಳುಗಳು ಹೊರಟುಹೋದವು, ಸುಮಲಕ್ ಕಳಿಸಿದ ಅದೇ ಬಟ್ಟಲಿನಲ್ಲಿ. ಬಟ್ಟಲು ಗೇಟು ದಾಟಿದ ಮೇಲೆ ಇನೋಬತ್‌ಗೆ ನೆನಪಾಯಿತು, ಅದು ಮತ್ತೆ ಹಿಂತಿರುಗುತ್ತದೆ.

ಶುಕ್ರವಾರ ಅವರು ಕತ್ತರಿ ಹಿಡಿದರು. ಮೊಟ್ಟೆ ಹೆಚ್ಚಾಗಿ ಅಂಟಿರುವುದು ಎಲೆ ಮತ್ತು ಎಲೆಯ ತೊಟ್ಟಿನ ಮೇಲೆ. ಹನ್ನೊಂದು ಗಿಡಗಳ ಎಲೆಗಳನ್ನೂ ಬುಡಕ್ಕೆ ಕತ್ತರಿಸಿದರು. ಎಂಟು ತಿಂಗಳು ಬೆಳೆದ ಎಲೆ ಅರ್ಧ ಬಕೆಟ್ ಆಯಿತು. ಉಳಿದ ಗೆಡ್ಡೆಗಳನ್ನು ಹಲ್ಲುಜ್ಜುವ ಬ್ರಷ್‌ನಿಂದ ಉಜ್ಜಿ, ತೆಳು ಪಟಿಕದ ನೀರಿನಲ್ಲಿ ಮೂರು ಗಂಟೆ ಇಟ್ಟು, ತೊಳೆದು, ಒದ್ದೆ ಕಾಗದದಲ್ಲಿ ಸುತ್ತಿದರು.

ಭಾನುವಾರ ಸಂತೆಯಲ್ಲಿ ಬಹ್ರೋಮ್ ಕಾಗದ ಬಿಚ್ಚಿ ಒಂದು ಗೆಡ್ಡೆಯನ್ನು ಮೇಲೆತ್ತಿ ಹಿಡಿದ.

"ಓಪಾ, ಇದು ಶುಂಠಿನಾ?"

"ಪುಲಾವಿಗೆ ಹಾಕ್ಕೊಳ್ಳಿ ಅಂತ" ಎಂದ ಪಕ್ಕದ ಮೇಜಿನಿಂದ ಪಾಕ್.

ಇನೋಬತ್ ಪಾಕ್‌ನ ಕಡೆ ನೋಡಲಿಲ್ಲ. "ನನ್ನ ತೊಟ್ಟಿಗೆ ಹುಳ ಬಿದ್ದಿದೆ" ಎಂದರು. ಆಚೀಚೆಯ ಮೇಜಿನವರು ಇತ್ತ ತಿರುಗಿದರು. ಸುಮಲಕ್, ಬಟ್ಟಲು, ಸ್ಟೂಲ್ ಮೇಲೆ ಕೂತ ಖೋಲಾ, ಎಲ್ಲವನ್ನೂ ಕ್ರಮವಾಗಿ ಹೇಳಿದರು. ಹೇಳುವಾಗ ಸಲೋಮತ್‌ರ ಹೆಸರು ಮಾತ್ರ ಬಿಟ್ಟರು. ಆಮೇಲೆ ಭೂತಗನ್ನಡಿಯನ್ನು ಅವನ ಕೈಗಿಟ್ಟರು. "ನನ್ನ ಮಾತು ಸಾಲದು. ನೀನೇ ನೋಡು."

ಬಹ್ರೋಮ್ ನೋಡಲು ಮುಕ್ಕಾಲು ಗಂಟೆ ತೆಗೆದುಕೊಂಡ. ಏಳನೆಯ ಗೆಡ್ಡೆಯ ಸಂದಿಯಲ್ಲಿ ಅವನ ಬೆರಳು ನಿಂತಿತು. ಅಕ್ಕಿನುಚ್ಚಿನಷ್ಟು ಲೋಳೆ, ಒಳಗೆ ನಾಲ್ಕು ಚುಕ್ಕೆ. ಇನೋಬತ್ ಆ ಗೆಡ್ಡೆಯನ್ನು ತೆಗೆದು ತಮ್ಮ ಚೀಲಕ್ಕೆ ಹಾಕಿಕೊಂಡರು.

"ನೀನು ತಗೊಳ್ಳೋದು ಬೇಡ ಬಹ್ರೋಮ್. ಬೇಜಾರಿಲ್ಲ ನಂಗೆ."

"ಎಲೆ ಇದ್ದಿದ್ರೆ ನೋಡ್ದೇನೇ ಒಯ್ದು ತೊಟ್ಟಿಗೆ ಹಾಕ್ತಿದ್ದೆ" ಎಂದ ಬಹ್ರೋಮ್, ಉಳಿದ ಹತ್ತನ್ನು ಮತ್ತೆ ಸುತ್ತುತ್ತ. "ಈಗ ಚಿಲ್ಲಾ ಹಿಡಿಸ್ತೀನಿ. ಬೇರೆ ಜಾಡೀಲಿ ನಲವತ್ತು ದಿನ. ನಿಮ್ಮ ಮೇಲೆ ಅನುಮಾನ ಅಂತಲ್ಲ."

"ಅನುಮಾನ ಪಡು" ಎಂದರು ಇನೋಬತ್. "ಈಗಲಾದ್ರೂ ಕಲಿ."

ಚಿಲ್ಲಾ ಬಾಣಂತಿ ಮತ್ತು ಕೂಸಿನದು. ನಲವತ್ತು ದಿನ ಹೊರಗಿನವರ ಕಣ್ಣಿಗೆ ಬೀಳಿಸುವುದಿಲ್ಲ, ಅದರಿಂದ ಯಾವ ನೆರೆಯವರಿಗೂ ಬೇಸರವಾಗುವುದಿಲ್ಲ. ಇಪ್ಪತ್ತಾರು ವರ್ಷಗಳಲ್ಲಿ ಈ ಪದ ಇನೋಬತ್‌ಗೆ ಒಮ್ಮೆಯೂ ಹೊಳೆದಿರಲಿಲ್ಲ.

ಮಂಗಳವಾರ ಬಟ್ಟಲು ಹಿಂತಿರುಗಿತು. ಅದರಲ್ಲಿ ನಾಲ್ಕು ಎಳೆ ಜೊಂಡು. ಸಲೋಮತ್ ಸ್ಟೂಲ್ ಎಳೆದುಕೊಂಡರು. ಇನೋಬತ್ ಅವರೆದುರಿಗೇ ಪಟಿಕದ ಡಬ್ಬ ತೆಗೆದರು.

"ಇದೇನು ಔಷಧ?"

"ಸ್ನಾನಕ್ಕೆ ಖೋಲಾ. ಹೊಸ ಕೂಸಲ್ವಾ? ನಲವತ್ತು ದಿನ ಚಿಲ್ಲಾ. ಆಮೇಲೆ ದೊಡ್ಡವರ ಮಧ್ಯೆ ಬಿಡ್ತೀನಿ."

"ಮತ್ತೆ ಮೊದಲನೇದಕ್ಕೆ ಯಾಕೇ ಮಾಡ್ಲಿಲ್ಲ?" ಸಲೋಮತ್ ಗದರಿಸಿದರು. "ಇಷ್ಟು ಓದಿ ಏನು ಬಂತು? ದೃಷ್ಟಿ ತಾಗಿರುತ್ತೆ ಅದಕ್ಕೆ!"

ಹದಿನಾರನೆಯ ದಿನ ಹೊಸ ಜೊಂಡು ಇಟ್ಟ ಜಾಡಿಯ ಗಾಜಿನ ಮೇಲೆ ಎರಡು ಕಂದು ಚುಕ್ಕೆಗಳು ಕಂಡವು. ಇನೋಬತ್ ಅವನ್ನು ಚಮಚದಲ್ಲಿ ಎತ್ತಿ ಪಕ್ಕದ ಮನೆಯ ಬುರ್ಲಿಗೆ ಒಯ್ದರು. ಬಟ್ಟಲು ಒಯ್ಯಲಿಲ್ಲ.

ಗೆಡ್ಡೆಗಳ ಚಿಲ್ಲಾ ಮುಗಿದ ಮೇ 30ರಂದು ಬಹ್ರೋಮ್ ಫೋನ್ ಮಾಡಿದ. ಎಂಟು ಗೆಡ್ಡೆ ಚಿಗುರಿದ್ದವು, ಎರಡು ಕೊಳೆತಿದ್ದವು. ಹುಳು ಇರಲಿಲ್ಲ. ಮರುದಿನ ಅವನ್ನು ಮೀನಿನ ತೊಟ್ಟಿಗೆ ನೆಡುವುದಾಗಿ ಹೇಳಿದ.

"ಇನ್ನೊಂದು ವಾರ ಕಾಯಿ" ಎಂದರು ಇನೋಬತ್.