ಸನೋಬರಳ ಸೂರಿಗೆ ನಡೆದ ಚೌಕಾಸಿ

ಗೋಡೆಗಳೆಲ್ಲ ಎದ್ದು ನಿಂತಿದ್ದವು, ಸೂರೊಂದೇ ಬಾಕಿ. ಬೆಳಗ್ಗೆ ಎದ್ದ ಸನೋಬರ್ ಮೊದಲು ನೋಡುತ್ತಿದ್ದುದು ಗಂಡನ ಮುಖವನ್ನಲ್ಲ, ಬೆಟ್ಟದಾಚೆಯ ಮೋಡವನ್ನು. ಮಣ್ಣಿನ ಗೋಡೆಗೆ ತಲೆಯ ಮೇಲೊಂದು ಮುಚ್ಚಿಗೆ ಬಿದ್ದರೆ ಮೊಮ್ಮಕ್ಕಳ ಕಾಲದವರೆಗೂ ಅದಕ್ಕೆ ಸಾವಿಲ್ಲ. ಬೀಳದಿದ್ದರೆ ಶರತ್ಕಾಲದ ಒಂದೆರಡು ಮಳೆ ಸಾಕು, ಬೇಸಿಗೆಯ ದುಡಿಮೆಯೆಲ್ಲ ಕೆಸರಾಗಿ ಹರಿದು ಜರಾಫ್ಶಾನ್ ನದಿ ಸೇರುತ್ತದೆ.

ಆ ಗೋಡೆಗಳ ಮೇಲೆ ಅವಳಿಗೆ ಅಷ್ಟು ಜೀವ. ಊರಾಚೆ, ಕಾಲುವೆಯ ಪಕ್ಕದಲ್ಲಿ ಕಲ್ಲು ತುಂಬಿದ ಒಂದು ತುಂಡು ನೆಲ ಸಿಕ್ಕಿತ್ತು. ಅಲ್ಲೇ ಅಗೆದು, ಅಲ್ಲಿನ ಮಣ್ಣಿಗೇ ಗೋಧಿಯ ಹೊಟ್ಟು ಕಲಸಿ ಉಂಡೆ ಕಟ್ಟಿದ್ದರು. ಊರಿಗೆ ಊರೇ ಹಶರ್‌ಗೆ ಬಂದಿತ್ತು. ಒಬ್ಬರ ಮನೆಯ ಕೆಲಸಕ್ಕೆ ಎಲ್ಲರೂ ಕೈ ಹಚ್ಚುವುದು, ಕೂಲಿಯ ಮಾತು ಎತ್ತಿದವನಿಗೆ ನಾಚಿಕೆಯಾಗುವಂತೆ ನೋಡುವುದು, ಮಧ್ಯಾಹ್ನ ಮಾತ್ರ ಕೊಪ್ಪರಿಗೆ ತುಂಬ ಕುರಿ ಮಾಂಸದ ಅನ್ನ ಉಂಡು ಹೋಗುವುದು, ಹಶರ್ ಅಂದರೆ ಇಷ್ಟೇ. ಕೆಳಗಿನಿಂದ ಹುಡುಗರು ಉಂಡೆ ಎಸೆದರೆ ಮೇಲಿನಿಂದ ಮೇಸ್ತ್ರಿ ಉಸ್ತಾ ಶರೀಫ್ ಗಪ್ಪೆಂದು ಹಿಡಿದು ಗೋಡೆಗೆ ಕೂರಿಸುತ್ತಿದ್ದ. ಕೆಡವಿದ ಹಳೇ ಸಿನಿಮಾ ಮಂದಿರದ ಕಿಟಕಿಗಳನ್ನು ಸನೋಬರ್ ಕತ್ತೆಗಾಡಿಯಲ್ಲಿ ತಂದು, ಬಣ್ಣ ಕೆರೆದು, ಬಿಸಿಲು ಬರುವ ದಿಕ್ಕಿಗೇ ಇಡಿಸಿದ್ದಳು. ಗೋಡೆಯೊಳಗೆ ಗೂಡುಗಳು: ಒಂದರಲ್ಲಿ ಚಹಾದ ಬಟ್ಟಲು, ಒಂದರಲ್ಲಿ ಮಡಿಸಿದ ಹಾಸಿಗೆ, ಒಂದು ಏನೂ ಇಡದೆ ಸುಮ್ಮನೆ ನೋಡುವುದಕ್ಕೆ. ಒಳಗಿನ ಮೆತ್ತುಗೆಯಲ್ಲಿ ಸಣ್ಣಗೆ ಕೊಚ್ಚಿದ ಹುಲ್ಲಿತ್ತು. ಸಂಜೆಯ ಬಿಸಿಲು ತಾಗಿದಾಗ ಗೋಡೆಗೆ ಯಾರೋ ಚಿನ್ನದ ಪುಡಿ ಎರಚಿದಂತೆ ಕಾಣುತ್ತಿತ್ತು.

ಸೂರಿಗೆ ಬೇಕಾದ ತೊಲೆಗಳೂ ಇದ್ದವು. ತೊಡಕಿದ್ದುದೇ ಅಲ್ಲಿ.

ಆ ಕಣಿವೆಯಲ್ಲಿ ಗಂಡು ಮಗು ಹುಟ್ಟಿದರೆ ತಂದೆ ಕಾಲುವೆಯ ದಡದಲ್ಲಿ ಒಂದು ಸಾಲು ಸಫೇದಾರ್ ಗಿಡ ನೆಡುತ್ತಾನೆ. ಬಿಳಿ ತೊಗಟೆಯ ಮರ, ಅತ್ತಿತ್ತ ನೋಡದೆ ನೆಟ್ಟಗೆ ಆಕಾಶಕ್ಕೆ ಹೋಗುತ್ತದೆ. ಮಗನಿಗೆ ಮೀಸೆ ಬಂದು ಮದುವೆಯಾಗುವ ಹೊತ್ತಿಗೆ ಅವನ ಮನೆಗೆ ತೊಲೆ ಸಿದ್ಧ. ಹೆಣ್ಣಿಗೆ ಯಾರೂ ನೆಡುವುದಿಲ್ಲ, ಅವಳ ಸೂರು ಬೀಗರ ಚಿಂತೆ. ಆದರೆ ಸನೋಬರಳ ಅಪ್ಪ ಹಾಶಿಮ್ ಒಬ್ಬಳೇ ಮಗಳಿಗೆ ಒಂದು ಸಾಲು ನೆಟ್ಟುಬಿಟ್ಟ. "ಮಗಳು ತೊಲೆ ಹೊತ್ಕೊಂಡು ಗಂಡನ ಮನೆಗೆ ಹೋಗ್ತಾಳೇನೋ" ಎಂದು ಊರವರು ನಕ್ಕರು. ಹಾಶಿಮ್ ನೀರು ಹಾಯಿಸುತ್ತಲೇ ಹೋದ. ಹೋದ ಚಳಿಗಾಲದಲ್ಲಿ, ಎಲೆಯುದುರಿದ ಮೇಲೆ, ಯಾರನ್ನೂ ಕೇಳದೆ ಮರಗಳನ್ನು ಕಡಿದು, ತೊಗಟೆ ಸುಲಿದು, ಕಾಲುವೆಯಲ್ಲಿ ನೆನೆಹಾಕಿ, ಹಿತ್ತಲಿನ ನೆರಳಲ್ಲಿ ಒಣಗಲು ಜೋಡಿಸಿಟ್ಟ.

ಗಂಡ ನುಸ್ರತ್ ಹುಟ್ಟಿದಾಗಲೂ ಅವನಪ್ಪ ನೆಟ್ಟಿದ್ದುಂಟು. ಯುದ್ಧದ ಕಾಲದ ಒಂದು ಚಳಿಗಾಲದಲ್ಲಿ ಆ ಸಾಲು ಪೂರ್ತಿ ಒಲೆಗೆ ಹೋಯಿತು, ಮನೆಯವರು ಬದುಕಿಕೊಂಡರು. ಅದಕ್ಕೆ ಅವನು ಯಾರನ್ನೂ ದೂರಲಾರ. ಆದರೆ ಹೆಂಡತಿಯ ಮರದ ಕೆಳಗೆ ಮಲಗುವುದೂ ಅವನಿಗೆ ಆಗದು.

"ಅಪ್ಪ ಕೊಡ್ತೀನಿ ಅಂದ್ರೂ ಬೇಡ ಅಂತೀಯಲ್ಲ, ಆ ಮರ ಏನು ಕಚ್ಚುತ್ತಾ?" ಸನೋಬರ್ ಅತ್ತೆಮನೆಯ ಕೋಣೆಯಲ್ಲಿ ಚಹಾ ಬಗ್ಗಿಸುತ್ತ ಕೇಳಿದಳು.

"ಮರ ಕಚ್ಚಲ್ಲ, ಅಸ್ಲಮ್ ಕಚ್ತಾನೆ" ಎಂದ ನುಸ್ರತ್. ಅಸ್ಲಮ್ ಊರಿನ ಕ್ಷೌರಿಕ. "ಮೊನ್ನೆ ಏನಂದ ಗೊತ್ತಾ? ನಿಂಗಿನ್ನು ಟೋಪಿ ಯಾಕೆ ನುಸ್ರತ್, ತಲೆ ಮೇಲೆ ಹೆಂಡ್ತಿ ಸೂರೇ ಇರುತ್ತಲ್ಲ ಅಂದ. ಕತ್ತಿ ನನ್ನ ಕುತ್ತಿಗೆ ಮೇಲಿತ್ತು, ನಗಲೇಬೇಕಾಯ್ತು."

"ಹಾಗಾದ್ರೆ ದುಡ್ಡು ಕೊಟ್ಟು ತಗೋ."

"ಕೇಳ್ದೆ. ನಿಮ್ಮಪ್ಪ ಕೊಡಲಿ ಹುಡುಕೋಕೆ ಎದ್ರು. ಮಗಳ ಮರ ಮಗಳಿಗೇ ಮಾರೋ ಅಷ್ಟು ಗತಿಗೆಟ್ಟಿದೀನಾ ಅಂತ." ನುಸ್ರತ್ ರೊಟ್ಟಿ ಮುರಿದು ತಟ್ಟೆಯಂಚಿಗಿಟ್ಟ. "ಬಿಡು. ಗುರುವಾರ ಕೂಲಿಗೆ ಹೋಗೋರ ತಂಡ ರಷ್ಯಾಕ್ಕೆ ಹೊರಡುತ್ತೆ. ಒಂದು ಚಳಿಗಾಲ ಅಲ್ಲಿ ಟೈಲ್ಸ್ ಹಾಕಿದ್ರೆ ಕಬ್ಬಿಣದ ತೊಲೆ, ತಗಡು ಎರಡೂ ಬರುತ್ತೆ."

"ಅಷ್ಟರಲ್ಲಿ ಗೋಡೆ?"

"ಪ್ಲಾಸ್ಟಿಕ್ ಹೊದಿಸೋಣ."

"ನಾಜನೀನ್‌ಗೂ ಅದನ್ನೇ ಹೊದಿಸ್ತೀಯಾ? ವಸಂತದಲ್ಲಿ ನಿನ್ನ ತಮ್ಮನ ಮದುವೆ. ಈ ಕೋಣೆ ಹೊಸ ಸೊಸೆಗೆ ಹೋಗುತ್ತೆ. ನಾವು ಎಲ್ಲಿ, ಕೋಳಿಗೂಡಲ್ಲಾ?"

ನುಸ್ರತ್ ರೊಟ್ಟಿಯ ಚೂರನ್ನು ಚಹಾದಲ್ಲಿ ಅದ್ದಿದ. ಎರಡು ವರ್ಷದ ಮಗಳು ನಾಜನೀನ್ ಅವನ ತೊಡೆಯೇರಿ, ಪಯಣಕ್ಕೆಂದು ಕೊಂಡಿದ್ದ ಹೊಸ ಉಣ್ಣೆಯ ಮಫ್ಲರನ್ನು ಎಳೆದು ತನ್ನ ತಲೆಗೆ ಸುತ್ತಿಕೊಂಡಳು. ಸನೋಬರ್ ಚಹಾದ ಪಾತ್ರೆ ಕೆಳಗಿಟ್ಟಳು. ಮನೆ ತಡವಾದರೆ ಹೇಗೋ ಸಹಿಸಬಹುದು. ಆದರೆ ಹೋದ ಸಲವೂ ಇವನು ಒಂದು ಚಳಿಗಾಲ ಎಂದೇ ಹೋಗಿದ್ದ. ಬಂದಾಗ ಮಗು ಅವನನ್ನು ಕಂಡು ಅಜ್ಜಿಯ ಲಂಗದ ಹಿಂದೆ ಅಡಗಿತ್ತು.

ಮರುದಿನ ಅವಳು ಒಲೆಯಿಂದ ತೆಗೆದ ಬಿಸಿ ರೊಟ್ಟಿಗಳನ್ನು ಬಟ್ಟೆಯಲ್ಲಿ ಸುತ್ತಿಕೊಂಡು ಖೋಲ್‌ಮುರಾದನ ಮನೆಗೆ ಹೋದಳು.

ಖೋಲ್‌ಮುರಾದ್ ದನದ ಸಂತೆಯ ದಲ್ಲಾಳಿ. ಮಾರುವವನ ಕೈ ಒಂದರಲ್ಲಿ, ಕೊಳ್ಳುವವನ ಕೈ ಇನ್ನೊಂದರಲ್ಲಿ ಹಿಡಿದು, ಎರಡನ್ನೂ ಕೂಡಿಸಿ ಮೇಲೆ ಕೆಳಗೆ ಕುಲುಕುತ್ತಾನೆ. ಮಾತು ಕುದುರುವವರೆಗೆ ಬಿಡುವುದಿಲ್ಲ. ಅವನ ಹಿಡಿತದಿಂದ ವ್ಯಾಪಾರ ಮುಗಿಸದೆ ಬಿಡಿಸಿಕೊಂಡವರಿಲ್ಲ ಎಂದು ಅವನೇ ಹೇಳುತ್ತಿದ್ದ, ಊರೂ ನಂಬಿತ್ತು.

"ಮಾರೋನಿಗೆ ದುಡ್ಡು ಬೇಡ, ಕೊಳ್ಳೋನಿಗೆ ಬಿಟ್ಟಿ ಬೇಡ" ಎಂದು ಅವನು ಮೀಸೆ ತಿರುವಿದ. "ಇಂಥ ಎತ್ತನ್ನ ನಾನು ನೋಡೇ ಇಲ್ಲವಲ್ಲ ಮಗಳೇ. ಇದು ಬಾಲದ ಕಡೆಯಿಂದ ಮೇಯ್ತಾ ಇದೆ."

"ಅದಕ್ಕೇ ಚಹಾದಂಗಡೀಲಿ ಅಂತಿದ್ರು ಚಾಚಾ" ಎಂದಳು ಸನೋಬರ್, ರೊಟ್ಟಿಯ ಗಂಟು ಬಿಚ್ಚುತ್ತ. "ಇದು ಖೋಲ್‌ಮುರಾದನ ಕೈಲೂ ಆಗೋ ಮಾತಲ್ಲ ಅಂತ."

"ಯಾರಂದಿದ್ದು?"

"ಯಾರಾದ್ರೇನು ಬಿಡಿ. ವಯಸ್ಸಾಯ್ತಲ್ಲ, ಕುಲುಕೋ ಕೈಗೂ ದಣಿವಾಗುತ್ತೆ."

ಖೋಲ್‌ಮುರಾದ್ ರೊಟ್ಟಿಯನ್ನು ಕಚ್ಚಿಕೊಂಡೇ ಬೂಟು ಹಾಕಿಕೊಂಡ.

ಹಾಶಿಮನ ಹಿತ್ತಲಿನಲ್ಲಿ ಸುಲಿದ ಸಫೇದಾರ್ ದಿಮ್ಮಿಗಳು ಬೆಳ್ಳಗೆ ಮಲಗಿದ್ದವು. ಮಾವನೂ ಅಳಿಯನೂ ಅವುಗಳ ಆಚೆ ಈಚೆ ನಿಂತಿದ್ದರು, ನಡುವೆ ದಲ್ಲಾಳಿ. ಸುದ್ದಿ ಅದಾಗಲೇ ಹಬ್ಬಿತ್ತು. ಉಸ್ತಾ ಶರೀಫ್ ಬೇಲಿಯ ಮೇಲೆ ಮೊಣಕೈ ಊರಿದ್ದ. ಅಸ್ಲಮನಂತೂ ಅರ್ಧ ಕ್ಷೌರದ ಗಿರಾಕಿಯನ್ನೂ ಜೊತೆಗೇ ಕರೆತಂದಿದ್ದ. ಸನೋಬರ್ ಜರ್ದಾಳು ಮರದ ಕೆಳಗೆ ಮಗುವನ್ನೆತ್ತಿಕೊಂಡು ನಿಂತಳು.

ಖೋಲ್‌ಮುರಾದ್ ಇಬ್ಬರ ಕೈಯನ್ನೂ ಕೂಡಿಸಿ ಹಿಡಿದ. "ಹೇಳಪ್ಪ ಕೊಳ್ಳೋನೇ."

"ಸಾವಿರ ಸೊಮೋನಿ" ಎಂದ ನುಸ್ರತ್.

"ಕೊಡೋನೇ?"

"ಒಂದು ಕಾಸೂ ಬೇಡ" ಎಂದ ಹಾಶಿಮ್.

"ಸ್ವಲ್ಪ ಮೇಲೆ ಬಾ ಹಾಶಿಮ್."

"ಬರಲ್ಲ. ಈ ಮರಕ್ಕೆ ಬೆಲೆನೇ ಇಲ್ಲ. ನೋಡು, ಇದು ಸೊಟ್ಟ. ಅದರ ತುಂಬ ಗಂಟು. ಆ ಕೊನೇದ್ರಲ್ಲಿ ಕಾಗೆ ಗೂಡಿತ್ತು, ಅಷ್ಟೇ ಅದರ ಯೋಗ್ಯತೆ. ಇಂಥದಕ್ಕೆ ದುಡ್ಡು ತಗೊಂಡ್ರೆ ಜನ ಉಗೀತಾರೆ."

ಬೆಲೆ ಇಳಿಸಲು ತನ್ನ ಸರಕನ್ನು ತಾನೇ ಹಳಿಯುವುದಲ್ಲದೆ ಅವನಿಗೆ ಬೇರೆ ದಾರಿ ಇರಲಿಲ್ಲ. ಖೋಲ್‌ಮುರಾದನಿಗೋ ಮೂವತ್ತು ವರ್ಷಗಳ ಅಭ್ಯಾಸ, ಸರಕಿನಲ್ಲಿ ಹುಳುಕಿದೆ ಎಂದು ಕಿವಿಗೆ ಬಿದ್ದರೆ ನಾಲಗೆ ತಾನಾಗಿ ಕೊಳ್ಳುವವನ ಕಡೆ ತಿರುಗುತ್ತದೆ. "ನಿಜ ನಿಜ, ಆ ಎರಡನೇದು ಸೊಟ್ಟನೇ" ಎಂದುಬಿಟ್ಟ.

ಹಾಶಿಮ್ ಗಕ್ಕನೆ ತಿರುಗಿದ. "ಯಾವುದು ಸೊಟ್ಟ? ನಿನ್ನ ಕಣ್ಣು ಸೊಟ್ಟ."

"ನೀನೇ ಅಂದ್ಯಲ್ಲಪ್ಪ."

"ನಾನು ಅಂತೀನಿ. ನೀನ್ಯಾರು ಅನ್ನೋಕೆ? ಅದಕ್ಕೆ ನೀರು ಹಾಕಿದ್ದು ನೀನಾ?"

ಬೇಲಿಯ ಕಡೆಯಿಂದ ನಗು ಎದ್ದಿತು. ಈಗ ನುಸ್ರತನ ಸರದಿ. ಬೆಲೆ ನಿಲ್ಲಿಸಬೇಕಾದರೆ ಮರವನ್ನು ಹೊಗಳಬೇಕು, ಬೇರೆ ಗತಿಯಿಲ್ಲ. ಅವನು ಬಿಡುವಾಗಿದ್ದ ಕೈಯಿಂದ ಒಂದು ದಿಮ್ಮಿಯನ್ನು ತಟ್ಟಿದ. ಟಣ್ಣೆಂದಿತು.

"ಮಾವ, ಇದನ್ನ ಸೊಟ್ಟ ಅಂದ್ರೆ ಆ ದೇವರು ಮೆಚ್ಚಲ್ಲ. ನಾನು ರಷ್ಯಾದಲ್ಲಿ ದೊಡ್ಡ ದೊಡ್ಡ ಬಂಗಲೆ ಮರ ನೋಡಿದೀನಿ. ಇಂಥ ನೆಟ್ಟನೇದು ಒಂದೂ ಇರಲಿಲ್ಲ. ಶಬ್ದ ಕೇಳಿ, ತಂಬೂರಿ ಥರ ಇದೆ. ಎಲ್ಲಾದ್ರೂ ಹುಳ ಹೊಡೆದಿದ್ಯಾ? ಬೇರೆಯವರು ಮಗನ ಮರನೂ ಹೀಗೆ ಸಾಕಿಲ್ಲ. ಈ ಊರಲ್ಲಿ ಇಂಥ ಸೂರು ಯಾರ ತಲೆ ಮೇಲಿದೆ ಹೇಳಿ? ಅಸ್ಲಮ್, ನಿನ್ನ ತೊಲೆ ಹೇಗಿದೆ?"

"ನಂದು ಸ್ವಲ್ಪ ಬಗ್ಗಿದೆ" ಎಂದ ಅಸ್ಲಮ್.

"ಕೇಳಿದ್ರಾ?"

ಹಾಶಿಮನ ಮುಖ ನೋಡುವಂತಿತ್ತು. ಇಷ್ಟು ವರ್ಷ ನಕ್ಕವರ ಎದುರಿಗೆ ತನ್ನ ಮರಗಳ ಗುಣಗಾನ, ಅದೂ ಅಳಿಯನ ಬಾಯಲ್ಲಿ. ಮೀಸೆಯಡಿ ನಗು ಒತ್ತಿಕೊಂಡು "ಆದ್ರೂ ದುಡ್ಡು ಬೇಡ" ಎಂದ, ಮೊದಲಿನ ಬಿರುಸಿಲ್ಲದೆ. ನುಸ್ರತನಿಗೂ ತಾನು ಆಡಿದ್ದೆಲ್ಲ ಆಗ ಕಿವಿಗೆ ಬಿತ್ತೇನೋ, ಕಿವಿ ಕೆಂಪಾಯಿತು. ದಿಮ್ಮಿಯ ಮೇಲಿಟ್ಟ ಕೈಯನ್ನು ಮಾತ್ರ ತೆಗೆಯಲಿಲ್ಲ.

ಕುಲುಕಾಟ ನಡೆದೇ ಇತ್ತು. ಖೋಲ್‌ಮುರಾದನ ಹಣೆಯಲ್ಲಿ ಬೆವರು. "ನನ್ನ ಮಾನ ಉಳಿಸ್ರಪ್ಪಾ. ಏನಾದ್ರೂ ಒಂದು ಬೆಲೆ ಹೇಳಿ, ದುಡ್ಡಲ್ಲದಿದ್ರೂ ಸರಿ."

ಸನೋಬರ್ ಕಾದಿದ್ದುದು ಈ ಮಾತಿಗೇ. ಮಗುವನ್ನು ಸೊಂಟದಲ್ಲಿ ಸರಿಪಡಿಸಿಕೊಂಡು ಮುಂದೆ ಬಂದಳು.

"ಮರದ ಬೆಲೆ ಮರನೇ ಆಗ್ಲಿ ಚಾಚಾ. ತಗೊಂಡ ಒಂದೊಂದು ತೊಲೆಗೂ ಒಂದೊಂದು ಕಡ್ಡಿ ಹೊಸ ಮನೆ ಮುಂದಿನ ಕಾಲುವೆ ದಡದಲ್ಲಿ ನೆಡ್ಬೇಕು. ಕಡ್ಡಿ ಅಪ್ಪ ಕಡಿದ ಮರದ ಬುಡದಿಂದ ಬಿಟ್ಟಿ ಸಿಗುತ್ತೆ, ಅದಕ್ಕೆ ಬೆಲೆ ಇಲ್ಲ. ಬೆಲೆ ಇರೋದು ನೀರಿಗೆ. ಬೇರು ಗಟ್ಟಿಯಾಗೋಕೆ ಮೂರು ಬೇಸಿಗೆ ಬೇಕು. ನೀರಿನ ಪಾಳಿ ಬಂದಾಗೆಲ್ಲ ಕೊಂಡೋನೇ ಸಲಿಕೆ ಹಿಡೀಬೇಕು. ಬದಲಿ ಆಳು ನಡೆಯಲ್ಲ."

ಹಾಶಿಮ್ ಮಗಳ ಮುಖ ನೋಡಿದ. "ಸಾಲು ಯಾರಿಗೆ?"

"ನಾಜನೀನ್‌ಗೆ."

ನುಸ್ರತ್ ಹೆಂಡತಿಯನ್ನು ದಿಟ್ಟಿಸಿದ. ರಷ್ಯಾದಲ್ಲಿ ಕೂತು ಇಲ್ಲಿನ ಕಾಲುವೆಯ ನೀರು ತಿರುಗಿಸುವುದು ಹೇಗೆಂದು ಅವನು ಲೆಕ್ಕ ಹಾಕುತ್ತಿರುವುದು ಅವಳಿಗೆ ಕಾಣುತ್ತಿತ್ತು. "ಗುರುವಾರ..." ಎಂದು ಶುರು ಮಾಡಿದ.

"ಗುರುವಾರನೂ ನೀರು ಬರುತ್ತೆ" ಎಂದಳು ಸನೋಬರ್.

"ತಿನ್ನೋಕೆ ಏನು ಮಾಡೋದು?"

ಬೇಲಿಗೆ ಒರಗಿದ್ದ ಉಸ್ತಾ ಶರೀಫ್ ಗಂಟಲು ಸರಿಮಾಡಿಕೊಂಡ. "ನಾನು ಗೋಡೆ ಕಟ್ಟಿದ ಮನೆಯೋರೆಲ್ಲ ಟೈಲ್ಸ್ ಹಾಕೋರು ಸಿಕ್ತಾರಾ ಅಂತ ಕೇಳ್ತಾರೆ. ನೀನು ಅಲ್ಲಿದ್ದೆ, ಏನು ಹೇಳ್ಲಿ? ಸಂಪಾದನೆ ಅಲ್ಲಿಯಷ್ಟಿರಲ್ಲ. ಆದ್ರೆ ಅನ್ನ ಬಿಸಿಯಾಗಿರುತ್ತೆ."

ನಾಜನೀನ್ ಅಮ್ಮನ ಸೊಂಟದಿಂದ ಬಾಗಿ ಆ ಮೂವರ ಕೈಗಳ ಗಂಟಿನ ಮೇಲೆ ತನ್ನದನ್ನೂ ಇಟ್ಟಳು. ಇದೇನೋ ಆಟವೆಂದು ಅವಳ ಎಣಿಕೆ.

"ಬರಕತ್ ಆಗ್ಲಿ" ಎಂದ ನುಸ್ರತ್, ಸಂತೆಯಲ್ಲಿ ವ್ಯಾಪಾರ ಕುದುರಿದಾಗ ಹೇಳುವಂತೆ. "ಬರಕತ್" ಎಂದ ಹಾಶಿಮ್. ಖೋಲ್‌ಮುರಾದ್ ಕೈ ಬಿಟ್ಟು, ದಿಮ್ಮಿಯ ಮೇಲೆ ಕುಸಿದು ಕೂತು, ಭುಜ ಉಜ್ಜಿಕೊಂಡ. "ಇನ್ಮೇಲೆ ನನ್ನ ಹತ್ರ ಬರೀ ಎತ್ತು ತನ್ನಿ" ಎಂದ.

ಗುರುವಾರ ತಂಡ ಹೊರಟಿತು, ನುಸ್ರತ್ ಹೋಗಲಿಲ್ಲ. ಅವತ್ತು ಅವನ ಮನೆಗೆ ತೊಲೆಯೇರಿಸುವ ಹಶರ್. ಮೋಡ ಬೆಟ್ಟದಿಂದ ಈಚೆಗೆ ಇಳಿದಿತ್ತು, ಎಲ್ಲರ ಕೈಯಲ್ಲೂ ಅವಸರ. ಆದರೂ ನಡುತೊಲೆಯನ್ನು ಅರ್ಧ ಎತ್ತಿದವರು ಅಲ್ಲೇ ನಿಂತುಬಿಟ್ಟರು. ಅದು ಕಣಿವೆಯ ವಾಡಿಕೆ. ಮನೆಯೊಡೆಯ ಬಂದು ಉಡುಗೊರೆಯಾಗಿ ಏನಾದರೂ ಅದಕ್ಕೆ ಕಟ್ಟುವವರೆಗೆ ನಡುತೊಲೆಗೆ ಇದ್ದಕ್ಕಿದ್ದಂತೆ ಭಾರ ಬರುತ್ತದೆ.

"ಅಯ್ಯೋ, ಮೇಲೆ ಹೋಗ್ತಾನೇ ಇಲ್ಲ" ಎಂದು ಒಂದು ತುದಿ ಹಿಡಿದಿದ್ದ ಅಸ್ಲಮ್ ನರಳಿದ. "ಯಾರ ತೊಲೆಯಪ್ಪ ಇದು? ಒಡೆಯ ಯಾರು?"

ಕೇಳಿದ ಕಣ್ಣಲ್ಲಿ ಹಳೆಯ ತುಂಟತನವಿತ್ತು. ರೊಟ್ಟಿಯ ಬುಟ್ಟಿ ಹಿಡಿದು ನಿಂತಿದ್ದ ಸನೋಬರ್ ಗಂಡನ ಕಡೆ ತಿರುಗಿದಳು.

ನುಸ್ರತ್ ಏಣಿಯಿಂದ ಇಳಿದು ಬಂದ. "ನನ್ನ ಹೆಂಡ್ತಿದು" ಎಂದ ಎಲ್ಲರಿಗೂ ಕೇಳುವಂತೆ. "ನಾನು ಕೊಂಡ್ಕೊಂಡಿದೀನಿ. ಬೆಲೆ ಇನ್ನೂ ಬಾಕಿ, ಮೂರು ಬೇಸಿಗೆ ತೀರಿಸ್ಬೇಕು. ಭಾರ ಅನ್ನಿಸಿದ್ರೆ ಹೇಳು, ನಾನೇ ಹಿಡೀತೀನಿ."

ಕುತ್ತಿಗೆಯಲ್ಲಿದ್ದ ಹೊಸ ಉಣ್ಣೆಯ ಮಫ್ಲರನ್ನು ಬಿಚ್ಚಿ, ಬಿಳಿ ತೊಲೆಯ ನಡುವಿಗೆ ಎರಡು ಸುತ್ತು ಸುತ್ತಿ, ಬಿಗಿಯಾಗಿ ಗಂಟು ಹಾಕಿದ. ಮೇಲಿನಿಂದ ಹಾಶಿಮ್ ಮಿಠಾಯಿ ಎರಚಿದ. ಹುಡುಗರು ಕೆಳಗೆ ಮುಗಿಬಿದ್ದರು. ಅಸ್ಲಮನ ಕೈಯಲ್ಲಿ ತೊಲೆ ಹಗುರಾಗಿ ಮೇಲೇರಿತು.

ತೊಲೆಯ ಮೇಲೆ ವಿಲೋ ಮರದ ಕಡ್ಡಿ, ಅದರ ಮೇಲೆ ಜೊಂಡಿನ ಚಾಪೆ, ಹುಲ್ಲು, ಮತ್ತೆ ಮಣ್ಣು. ಕೊನೆಯ ಬುಟ್ಟಿ ಮಣ್ಣು ತಟ್ಟಿ ಮುಗಿಸಿದ ಸಂಜೆ ಮಳೆ ಬಂತು. ಎಲ್ಲರೂ ಒಳಗೆ ನುಗ್ಗಿ, ಗೋಡೆಗಾತು ನಿಂತು ಮೇಲೆ ನೋಡಿದರು. ಒಂದು ಹನಿಯೂ ಇಳಿಯಲಿಲ್ಲ. ಕೈ ತೊಳೆಯುವ ಮೂಲೆಯಲ್ಲಿ ನುಸ್ರತ್ ಆಗಲೇ ಅಂಗಡಿಯವರು ಎಸೆದ ಒಡೆದ ಟೈಲ್ಸ್ ಚೂರುಗಳಿಂದ ಒಂದು ನೀಲಿ ಮೀನನ್ನು ಕೂಡಿಸಿದ್ದ. ನಾಜನೀನ್ ಅದರ ಬಾಯಿಗೆ ರೊಟ್ಟಿ ತಿನ್ನಿಸುತ್ತಿದ್ದಳು.

ಹಾಶಿಮ್ ಬೆನ್ನ ಹಿಂದೆ ಕೈ ಕಟ್ಟಿಕೊಂಡು ಸೂರನ್ನೇ ನೋಡುತ್ತಿದ್ದ. "ಆ ಎರಡನೇದು" ಎಂದ ಮೆಲ್ಲಗೆ, "ಖೋಲ್‌ಮುರಾದ್ ಹೇಳಿದ್ದು ನಿಜ ಕಣಪ್ಪ. ಸ್ವಲ್ಪ ಸೊಟ್ಟನೇ ಇದೆ."

"ಯಾವುದು ಸೊಟ್ಟ?" ನುಸ್ರತ್ ಸಲಿಕೆ ಕೆಳಗಿಟ್ಟು ಬಂದ. "ಎಲ್ಲಿ ತೋರಿಸಿ ಮಾವ, ನನ್ನ ಮನೇಲಿ ಯಾವುದು ಸೊಟ್ಟ?"

ಸನೋಬರ್ ಚಹಾಕ್ಕೆ ನೀರಿಟ್ಟಳು. ಇದು ಬೇಗ ಮುಗಿಯುವ ಚೌಕಾಸಿಯಲ್ಲ ಎಂದು ಅವಳಿಗೆ ಗೊತ್ತಿತ್ತು.