ಎರಡೂ ದಾರಿಗೆ ಆಗುವ ಟೈರು

ಟೈರಿನಂಗಡಿಯ ಎಲಿಸೆಯೊ ಹಿಂದಿನ ಚಕ್ರದ ಎದುರು ಕುಕ್ಕರುಗಾಲಲ್ಲಿ ಕೂತು ಟೈರಿನ ಗೀರಿನೊಳಗೆ ಹೆಬ್ಬೆರಳಿನ ಉಗುರು ಇಳಿಸಿ ನೋಡಿದ. ಉಗುರಿನ ಅಂಚೂ ಮುಳುಗಲಿಲ್ಲ.

"ಇದು ಟೈರಲ್ಲ ಯಜಮಾನ್ರೆ, ಬೋಳುತಲೆ," ಎಂದ. "ಇದನ್ನಿಟ್ಕೊಂಡು ಲೋಮಾ ಫ್ರಿಯಾ ಬೆಟ್ಟ ಹತ್ತಿ ಇಳೀತಿದ್ರಾ? ನಿಮ್ಮ ದೇವ್ರು ದೊಡ್ಡೋನು ಬಿಡಿ."

ಅವನು ಹೇಳಿದ್ದು ಅಮದೋರನಿಗೆ. ಪಿಕಪ್ಪಿನ ಕೀಲಿ ಹಿಡಿದು ನಿಂತವಳು ಅಮದೋರನ ಹೆಂಡತಿ ಲುಸ್ಮಿಲಾ, ಕಯಾಂಬೆ ಪೇಟೆಯ ಟ್ರಾಫಿಕ್ಕಿನಲ್ಲಿ ಗಾಡಿಯನ್ನು ಇಲ್ಲಿಯವರೆಗೆ ತಂದವಳೂ ಅವಳೇ. ಆದರೆ ಟೈರಿನ ಅಂಗಡಿಯಲ್ಲಿ ಮಾತು ಹುಟ್ಟುವುದು ಗಂಡಸಿನಿಂದ ಗಂಡಸಿಗೆ. ಹೆಂಗಸು ಜೊತೆಗಿದ್ದರೆ ಕೂರಲು ಒಂದು ಸ್ಟೂಲು ಕೊಡುತ್ತಾರೆ. ಲುಸ್ಮಿಲಾಗೂ ಕೊಟ್ಟಿದ್ದರು. ಅವಳು ಕೂತಿರಲಿಲ್ಲ.

"ಗೊತ್ತಿದ್ದದ್ದೇ," ಎಂದ ಅಮದೋರ್. "ಎರಡು ತಿಂಗಳಿಂದ ಹೇಳ್ತಾನೇ ಇದೀನಿ. ಇವತ್ತು ಒಳ್ಳೇ ಸೆಟ್ಟು ಹಾಕ್ಸಿಬಿಡಣ. ಸೋಮವಾರದಿಂದ ನಾನೇ ಓಡಿಸೋನು."

ಆ ಕೊನೆಯ ಮಾತು ಲುಸ್ಮಿಲಾಳ ಎದೆಯಲ್ಲಿ ಬೆಳಗಿನಿಂದ ಕೂತಿತ್ತು. ಕಾಫಿ ಕುಡಿಯುವಾಗ ಅವನು ಅದನ್ನೇ ಹೇಳಿದ್ದ: "ಹೊಸ ಟೈರು ಬೀಳ್ಲಿ, ಆಮೇಲೆ ಗಾಡಿ ನನಗೆ ಬಿಡು. ಮೂರು ವರ್ಷ ಕಷ್ಟಪಟ್ಟಿದೀಯ ಲುಸ್ಮಿಲಾ, ಇನ್ನು ಮನೇಲಿ ಆರಾಮಾಗಿರು." ಗದರಿಸಿ ಹೇಳಿದ್ದರೆ ತಿರುಗಿ ಎರಡು ಮಾತು ಆಡಬಹುದಿತ್ತು. ಪ್ರೀತಿಯಿಂದ ಹೇಳಿದವನ ಜೊತೆ ಜಗಳ ಆಡುವುದು ಹೇಗೆ?

ಮೂರು ವರ್ಷದ ಹಿಂದೆ, ಆಲೂಗಡ್ಡೆ ಚೀಲ ಏರಿಸುವಾಗ ಗಾಡಿಯಿಂದ ಬಿದ್ದು ಅಮದೋರನ ಬೆನ್ನು ಹೋಗಿತ್ತು. ಇಪ್ಪತ್ತೆರಡು ವರ್ಷ ಓಡಿಸಿದ ಪಿಕಪ್ಪು ಅಂಗಳದಲ್ಲಿ ನಿಂತಿತು. ಆಗ ಸ್ಟೇರಿಂಗು ಹಿಡಿದವಳು ಲುಸ್ಮಿಲಾ. ದಿನಾ ಬೆಳಿಗ್ಗೆ ಮಣ್ಣುದಾರಿಯಲ್ಲಿ ಲೋಮಾ ಫ್ರಿಯಾಕ್ಕೆ ಹತ್ತಿ, ಹನ್ನೊಂದು ಮನೆಯ ಹಾಲಿನ ಕ್ಯಾನು ಮತ್ತು ಮನುಷ್ಯರನ್ನು ಕೆಳಗಿನ ಡೈರಿಗೆ, ಶಾಲೆಗೆ, ಆಸ್ಪತ್ರೆಗೆ ತಲುಪಿಸುವುದು, ಆಮೇಲೆ ಸಂಜೆಯವರೆಗೆ ಟಾರುರಸ್ತೆಯಲ್ಲಿ ಬಾಡಿಗೆ. ಅವಳು ಕರೆಯುತ್ತಿದ್ದ ಮನೆಯ ಹಸುಗಳು, ಬೆನ್ನು ಸ್ವಲ್ಪ ಸುಧಾರಿಸಿದಾಗಿನಿಂದ, ಅಮದೋರನ ಪಾಲಿಗೆ ಬಂದವು. ಮೊದಲ ತಿಂಗಳು ಅವಳು ದಿನಾ ಅತ್ತಳು. ಎರಡನೆಯ ವರ್ಷದ ಹೊತ್ತಿಗೆ, ಬೆಟ್ಟದ ತಿರುವಿನಲ್ಲಿ ಮೋಡ ಸರಿದು ಹಿಮಶಿಖರದ ತಲೆ ಕಂಡಾಗ, ತನಗೆ ತಾನೇ ಹಾಡಿಕೊಳ್ಳುತ್ತಿದ್ದಳು. ಗಂಡನ ಬೆನ್ನಿಗಾಗಿ ಅವಳು ಮಾತೆ ಮರಿಯಳಿಗೆ ಹಚ್ಚಿದ ಮೇಣದಬತ್ತಿಗೆ ಲೆಕ್ಕವಿಲ್ಲ. ಮೊನ್ನೆ ಗುರುವಾರ ಡಾಕ್ಟರು "ಇನ್ನು ಓಡಿಸಬಹುದು" ಎಂದರು. ಹರಕೆ ಫಲಿಸಿತ್ತು. ಅವಳಿಗೆ ಸಂತೋಷವೂ ಆಯಿತು, ಅದರ ಹಿಂದೆಯೇ ಕೈಯಿಂದ ಏನೋ ಕಿತ್ತುಕೊಂಡ ಹಾಗೂ ಆಯಿತು. ಎರಡನೆಯದಕ್ಕೆ ಅವಳು ನಾಚಿಕೊಂಡಳು. ಗಂಡ ಎದ್ದು ಓಡಾಡುತ್ತಿರುವಾಗ ಹೆಂಡತಿಗೆ ಇನ್ನೇನು ಬೇಕು ಎಂದು ತನ್ನನ್ನೇ ಗದರಿಕೊಂಡಳು. ಆದರೂ ಕೀಲಿ ಅವಳ ಮುಷ್ಟಿಯಲ್ಲಿ ಬೆಚ್ಚಗೆ ಕೂತಿತ್ತು.

ಎಲಿಸೆಯೊ ಒಳಗಿನಿಂದ ಮೂರು ಟೈರುಗಳನ್ನು ಒಂದೊಂದಾಗಿ, ಕರು ಹಿಡಿದು ತರುವವನಂತೆ ಉರುಳಿಸಿ ತಂದು ಗೋಡೆಗೆ ಒರಗಿಸಿದ. ಮೊದಲನೆಯದು ಟಾರುರಸ್ತೆಯದು, ನುಣ್ಣಗೆ, ಸಣ್ಣ ಗೀರಿನದು. ಎರಡನೆಯದು ಕೆಸರಿನದು, ಮುಷ್ಟಿಯಷ್ಟು ದಪ್ಪ ಬಟನ್ನುಗಳು. ಮೂರನೆಯದು ಎರಡೂ ದಾರಿಗೆ ಆಗುವಂಥದ್ದು: ಹಲ್ಲು ಅಷ್ಟು ದೊಡ್ಡದಲ್ಲ, ಆದರೆ ಪಕ್ಕ ದಪ್ಪ.

ಅಮದೋರ್ ನೇರವಾಗಿ ಬಟನ್ ಟೈರಿನ ಮೇಲೆ ಕೈಯಿಟ್ಟ. "ಇದೇ. ಇಪ್ಪತ್ತೆರಡು ವರ್ಷ ಇದನ್ನ ಬಿಟ್ಟು ಬೇರೇದು ಮುಟ್ಟಿಲ್ಲ. ಆ ಲೋಮಾ ಫ್ರಿಯಾದ ಏರಿಗೆ ಬೇರೆ ಯಾವುದೂ ನಿಲ್ಲಲ್ಲ."

"ಅಕ್ಕ, ನೀವೇನಂತೀರಿ?" ಎಂದು ಎಲಿಸೆಯೊ ಮರ್ಯಾದೆಗೊಂದು ಮಾತು ಕೇಳಿದ.

ಆ ಟೈರು ಟಾರಿನ ಮೇಲೆ ಇಡೀ ದಿನ ಗೋಳಾಡುತ್ತದೆ, ಸ್ಟೇರಿಂಗು ಕಲ್ಲಿನಷ್ಟು ಭಾರವಾಗುತ್ತದೆ, ಸಂಜೆ ಹೊತ್ತಿಗೆ ಭುಜ ಎತ್ತಿ ತಲೆ ಬಾಚಲಾಗುವುದಿಲ್ಲ. ಇದೆಲ್ಲ ಲುಸ್ಮಿಲಾಳ ನಾಲಿಗೆಯ ತುದಿಯಲ್ಲಿತ್ತು. ಸೋಮವಾರದಿಂದ ಓಡಿಸುವವನು ಅವನು. ಭುಜವೂ ಅವನದು. "ಇವರು ಹೇಳಿದ್ದೇ ಹಾಕಿ," ಎಂದಳು.

ಮೂಲೆಯಲ್ಲಿ ಹಳೇ ಟೈರುಗಳ ರಾಶಿಯ ಮೇಲೆ ಪಾಸ್ತೊರಾ ಅಜ್ಜಿ ಕೂತಿದ್ದಳು. ಲೋಮಾ ಫ್ರಿಯಾದವಳು. ಸಂತೆಗೆ ಚೀಸ್ ಮಾರಲು ಬಂದವಳು ಮನೆಗೆ ಇದೇ ಗಾಡಿಯಲ್ಲಿ ಹೋಗಬೇಕು. ಖಾಲಿ ಬುಟ್ಟಿಯನ್ನು ತೊಡೆಯ ಮೇಲಿಟ್ಟುಕೊಂಡು, ಲುಸ್ಮಿಲಾಳನ್ನು ಒಮ್ಮೆ, ಅಮದೋರನನ್ನು ಒಮ್ಮೆ ನೋಡಿದಳು. ಅಜ್ಜಿ ಸುಮ್ಮನಿದ್ದಾಳೆ ಎಂದರೆ ಮಾತು ಕೂಡಿಡುತ್ತಿದ್ದಾಳೆ ಎಂದೇ ಅರ್ಥ.

ಎಲಿಸೆಯೊ ಜಾಕಿ ಕೊಟ್ಟು ಹಿಂದಿನ ಚಕ್ರ ಬಿಚ್ಚಿದ. ಹಳೇ ಟೈರನ್ನು ನಿಲ್ಲಿಸಿ, ತಿರುಗಿಸಿ ತಿರುಗಿಸಿ, ಪಕ್ಕಗಳ ಮೇಲೆ ಅಂಗೈ ಆಡಿಸಿದ.

"ಯಜಮಾನ್ರೆ, ಇದನ್ನ ಹಾಕ್ಸಿದ್ದು ಯಾವಾಗ?"

"ನಾನು ಬೀಳೋಕೆ ಎರಡು ವಾರ ಮುಂಚೆ. ಸಾನ್ ಪೆದ್ರೊ ಹಬ್ಬಕ್ಕೆ ಮೂರು ವರ್ಷ ತುಂಬುತ್ತೆ."

"ಮೂರು ವರ್ಷ!" ಎಲಿಸೆಯೊ ಕೈ ತೆಗೆದ. "ಬೇಜಾರ್ ಮಾಡ್ಕೋಬೇಡಿ, ನಿಮಗೆ ಹಾಕಿದ ಸೆಟ್ಟು ಯಾವುದೂ ಒಂದೂವರೆ ವರ್ಷ ದಾಟಿದ್ದಿಲ್ಲ. ಹಾಕಿದ್ದು ನಾನೇ ಅಲ್ವ? ನಿಮ್ಮ ಟೈರು ಬಿಚ್ಚಿದ್ರೆ ಪಕ್ಕದಲ್ಲೆಲ್ಲ ಕಲ್ಲು ಹೊಡೆದ ಗಾಯ, ಬಟನ್ನು ಅರ್ಧರ್ಧ ಕಿತ್ತುಹೋಗಿರ್ತಿತ್ತು. ಇದು ನೋಡಿ. ಒಂದೇ ಒಂದು ಗಾಯ ಇಲ್ಲ. ಸವೆದಿದೆ, ಅಷ್ಟೆ. ಮರ್ಯಾದೆಯಾಗಿ ವಯಸ್ಸಾಗಿ ಸತ್ತಿದೆ ಇದು."

ಅವನು ಗಾಳಿ ತುಂಬುವ ವಾಲಿನ ಮುಚ್ಚಳ ತಿರುಗಿಸಿದ. ಅದು ನಿಲ್ಲದೆ ಕೈಗೆ ಬಂತು. "ಇಲ್ಲಿ ತಿರುಪೇ ಸವೆದುಹೋಗಿದೆ. ದಿನಾ ಬಿಚ್ಚಿ ಹಾಕಿದ್ರೆ ಮಾತ್ರ ಹೀಗಾಗೋದು. ಯಾರು ಗಾಳಿ ಇಳಿಸ್ತಿದ್ದದ್ದು?"

"ಗಾಳಿ ಯಾರು ಇಳಿಸ್ತಾರೆ?" ಎಂದ ಅಮದೋರ್. "ಯಾರೂ ಇಲ್ಲ."

"ನಾನು," ಎಂದಳು ಲುಸ್ಮಿಲಾ.

ಇಷ್ಟು ಹೊತ್ತು ಕೂಡಿಟ್ಟದ್ದನ್ನು ಅಜ್ಜಿಗೆ ಇನ್ನು ತಡೆಯಲಾಗಲಿಲ್ಲ. "ದಿನಾ ಕಣಪ್ಪ! ಟಾರು ಮುಗಿಯೋ ಕಡೆ ನಿಲ್ಸಿ ನಾಲ್ಕೂ ಚಕ್ರದ ಗಾಳಿ ಇಳಿಸ್ತಾಳೆ, ಹತ್ತಿ ಬರ್ತಾಳೆ. ವಾಪಸ್ ಇಳಿದ ಮೇಲೆ ನಾವು ನಾಲ್ಕು ಜನ ಹೆಂಗಸ್ರು ಸರದಿ ಮೇಲೆ ಕಾಲಿಂದ ಪಂಪು ಒತ್ತಿ ತುಂಬಿಸ್ತೀವಿ. ನೀನು ಓಡಿಸ್ತಿದ್ದಾಗ ಮನೆಗೆ ಹೋಗಿ ಮೂಳೆ ಎಣಿಸ್ಕೋಬೇಕಿತ್ತು. ಈಗ ಹಾಲೂ ಬೆಣ್ಣೆಯಾಗಲ್ಲ, ನಾವೂ ಚಟ್ನಿಯಾಗಲ್ಲ."

ಅಮದೋರ್ ಹೆಂಡತಿಯ ಕಡೆ ತಿರುಗಿದ. ಮೂರು ವರ್ಷದಿಂದ ಅವನು ದಿನಾ ಕೇಳುತ್ತಿದ್ದ, "ಮುಕ್ಕಾಲು ಗಂಟೆ ತಡ ಯಾಕೆ?" ಅಂತ. "ನಾನು ನಿಧಾನ," ಎಂದಷ್ಟೇ ಅವಳು ಹೇಳುತ್ತಿದ್ದಳು. ನಿಧಾನ ಇರಲಿ ಪಾಪ, ಹೆಂಗಸು ಎಂದುಕೊಂಡು ಅವನು ಸುಮ್ಮನಾಗುತ್ತಿದ್ದ.

"ಇದನ್ನ ನಿನಗೆ ಹೇಳಿಕೊಟ್ಟಿದ್ಯಾರು?"

"ನೀವೇ."

"ನಾನಾ?"

"ಚರ್ಚಿನ ಕೆಳಗಿನ ಮೈದಾನದಲ್ಲಿ. 'ಕೆಸರಲ್ಲಿ ಗಾಳಿ ಸ್ವಲ್ಪ ಇಳಿಸ್ಬೇಕು, ಆಗ ಟೈರು ಹೊಟ್ಟೆ ಅಗಲ ಮಾಡಿ ನೆಲ ಅಪ್ಪಿಕೊಳ್ಳುತ್ತೆ' ಅಂದ್ರಿ."

ಅವನಿಗೆ ನೆನಪಿರಲಿಲ್ಲ. ಅವಳಿಗೆ ಆ ಮೈದಾನದ ಹುಲ್ಲುಕಡ್ಡಿ ಕೂಡ ನೆನಪಿತ್ತು. ಸೊಂಟಕ್ಕೆ ಬಿಗಿಯಾದ ಪಟ್ಟಿ ಕಟ್ಟಿಕೊಂಡು, ನೋವಿಗೆ ಹಲ್ಲು ಕಚ್ಚಿ, ಅವನು ಪಕ್ಕದ ಸೀಟಿನಲ್ಲಿ ಕೂತು ಅವಳಿಗೆ ಕಲಿಸಿದ್ದ. ಊರಿಗೆ ಊರೇ ಬೇಲಿಗೆ ಒರಗಿ ನೋಡುತ್ತಿತ್ತು. ಗಾಡಿ ಗೋಲುಕಂಬಕ್ಕೆ ಗುದ್ದಿದಾಗ ಯಾರೋ, "ಅಮದೋರಾ, ಕತ್ತೆಗೆ ಕಲಿಸೋದು ಸುಲಭ ಕಣೋ" ಎಂದು ಕೂಗಿದರು. ಅಮದೋರ್ ಕಿಟಕಿಯಿಂದ ತಲೆ ಹಾಕಿ, "ನನ್ನ ಹೆಂಡ್ತಿ ಕಲೀತಿದಾಳೆ, ನಿಮ್ಮಪ್ಪನ ಮನೆ ಗಂಟೇನಾದ್ರೂ ಹೋಯ್ತಾ?" ಎಂದು ಊರೆಲ್ಲ ಕೇಳುವ ಹಾಗೆ ಕಿರುಚಿದ್ದ. ಬೆನ್ನು ಹಿಡಿದುಕೊಂಡು ಆ ರಾತ್ರಿಯೆಲ್ಲ ನರಳಿದ. ಗಂಡನ ಇನ್ನೆಷ್ಟೋ ತಪ್ಪುಗಳನ್ನು ಅವಳು ಆ ಒಂದು ಕಿರುಚಾಟಕ್ಕಾಗಿ ಮಾಫಿ ಮಾಡಿದ್ದಳು.

ಎಲಿಸೆಯೊ ನಕ್ಕ. "ಅಲ್ಲ ಯಜಮಾನ್ರೆ, ನೀವು ಯಾವತ್ತಾದ್ರೂ ಇಳಿಸಿದ್ದಿರಾ?"

"ನನಗೆಲ್ಲಿತ್ತು ಪುರುಸೊತ್ತು?"

"ಹೇಳೋದು ಶಾಸ್ತ್ರ, ತಿನ್ನೋದು ಬದನೆಕಾಯಿ," ಎಂದಳು ಅಜ್ಜಿ. ಒಮ್ಮೆ ಶುರುವಾದದ್ದು ಅಷ್ಟಕ್ಕೇ ನಿಲ್ಲಲಿಲ್ಲ. "ಇನ್ನೊಂದು ಹೇಳ್ತೀನಿ, ತಪ್ಪು ತಿಳ್ಕೋಬೇಡ. ನಿನ್ನ ಕಾಲದಲ್ಲಿ ಲೋಮಾ ಫ್ರಿಯಾದಿಂದ ಪೇಟೆವರೆಗೂ ನಾವು ಹೆಂಗಸ್ರು ಉಚ್ಚೆ ಕಟ್ಕೊಂಡು ಬರ್ತಿದ್ವಿ. ಗಂಡಸಿನ ಹತ್ರ ನಿಲ್ಸು ಅನ್ನೋದು ಹೇಗೆ? ಇವಳಿಗೆ ಹೇಳ್ಲೂ ಬೇಕಾಗಿಲ್ಲ, ಪೊದೆ ನೋಡಿ ತಾನೇ ನಿಲ್ಲಿಸ್ತಾಳೆ. ಬಸುರಿ ಹೆಂಗಸ್ರು ಈಗ ತಿಂಗಳ ತಿಂಗಳ ಆಸ್ಪತ್ರೆಗೆ ಹೋಗ್ತಾರೆ. ನನ್ನ ಮೊಮ್ಮಗಳನ್ನ ಅವರಪ್ಪ ಹೈಸ್ಕೂಲಿಗೆ ಕಳಿಸಿದ್ದೂ ಇವಳ ಮುಖ ನೋಡಿ. ನಿನ್ನ ಹೊಟ್ಟೆ ತಣ್ಣಗಿರ್ಲಿ ತಾಯಿ." ಕೊನೆಯ ಮಾತು ಲುಸ್ಮಿಲಾಗೆ.

ಅಮದೋರನ ಕಿವಿ ಕೆಂಪಾಗಿತ್ತು. ಅವನು ಟೋಪಿ ತೆಗೆದ, ಒಳಗೆ ನೋಡಿದ, ಮತ್ತೆ ಹಾಕಿಕೊಂಡ.

"ಬಿಸ್ಕೊಚೊ ತರ್ತೀನಿ," ಎಂದು ಹೊರಗೆ, ಮೂಲೆಯ ಬೇಕರಿಯ ಕಡೆಗೆ ನಡೆದೇಬಿಟ್ಟ.

"ಯಾಕಜ್ಜಿ ಅದೆಲ್ಲ ಹೇಳೋಕೆ ಹೋದ್ರಿ?" ಎಂದಳು ಲುಸ್ಮಿಲಾ. "ಅವರಿಗೆ ನೋವಾಯ್ತು."

"ನೋವಾದ್ರೆ ಆಗ್ಲಿ. ಬೆನ್ನುನೋವೇ ವಾಸಿಯಾಯ್ತಂತೆ, ಇದಾಗಲ್ವ?"

ಎಲಿಸೆಯೊ ಬಾಗಿಲ ಕಡೆ ನೋಡಿದ, ಬಟನ್ ಟೈರಿನ ಕಡೆ ನೋಡಿದ, ಕಡೆಗೆ ಲುಸ್ಮಿಲಾಳ ಕಡೆ ನೋಡಿದ. ಈ ಸಲ ಮರ್ಯಾದೆಗಲ್ಲ, ನಿಜವಾಗಿಯೇ ಕೇಳಿದ: "ಯಾವುದು ಹಾಕ್ಲಿ ಅಕ್ಕ?"

ಅವಳು ಮೂರನೆಯ ಟೈರಿನ ಹತ್ತಿರ ಹೋದಳು. ಬಗ್ಗಿ ಅದರ ಪಕ್ಕವನ್ನು ಒತ್ತಿದಳು, ಹಲ್ಲುಗಳ ನಡುವೆ ಬೆರಳಿಟ್ಟಳು. ದಿನಕ್ಕೆ ಹನ್ನೆರಡು ಕಿಲೋಮೀಟರ್ ಮಣ್ಣು, ಎಪ್ಪತ್ತೆಂಬತ್ತು ಟಾರು. ಗಾಳಿ ಇಳಿಸಿ ಹತ್ತಿದರೆ ಇಷ್ಟು ಹಲ್ಲು ಧಾರಾಳ ಸಾಕು. ಪಕ್ಕ ಗಟ್ಟಿಯಿದೆ, ಕಲ್ಲು ತಾಗಿದರೂ ತಡೆಯುತ್ತದೆ. ಸೋಮವಾರದಿಂದ ಓಡಿಸುವುದು ಅವನೇ ಆದರೂ ಅವನ ಬೆನ್ನಿಗೂ ಇದೇ ಒಳ್ಳೆಯದು. ಇದನ್ನು ಅವನಿಗೆ ಹೇಳಬಲ್ಲೆ ಎನ್ನಿಸಿತು.

"ಇದು. ನಾಲ್ಕಕ್ಕೂ."

"ಯಜಮಾನ್ರು ಕೇಳಿದ್ರೆ?"

"ನಾನು ಹೇಳ್ದೆ ಅನ್ನಿ."

ಅಮದೋರ್ ಬಂದಾಗ ಮೂರು ಚಕ್ರ ಹಾಕಿ ಆಗಿತ್ತು. ಕೈಯಲ್ಲಿ ಕಾಗದದ ಪೊಟ್ಟಣ, ಬೆಣ್ಣೆಯ ಬಿಸಿ ವಾಸನೆ. ಅವನು ಗಾಡಿಯ ಸುತ್ತ ಒಂದು ಸುತ್ತು ಬಂದ.

"ಪಕ್ಕ ಗಟ್ಟಿ ಇದೆಯಾ?" ಎಂದು ಎಲಿಸೆಯೊನನ್ನು ಕೇಳಿದ.

"ಕಬ್ಬಿಣ."

ಅಷ್ಟೇ. ಎಲ್ಲರಿಗೂ ಬಿಸ್ಕೊಚೊ ಹಂಚಿದ, ಅಜ್ಜಿಗೆ ಎರಡು ಕೊಟ್ಟ. ಬೈದದ್ದಕ್ಕೆ ಒಂದು ಹೆಚ್ಚಿಗೆಯೇ ಎಂದು ಅಜ್ಜಿ ಕೇಳಿದಾಗ ಮಾತ್ರ ಮೀಸೆಯಡಿ ಸ್ವಲ್ಪ ನಕ್ಕ.

ದಾರಿಯಲ್ಲಿ ಹೊಸ ಟೈರು ಎಷ್ಟು ಮೆತ್ತಗೆ ಉರುಳಿತೆಂದರೆ, ನಡುವೆ ಕೂತ ಅಜ್ಜಿ ಬಿಸ್ಕೊಚೊ ಅಗಿಯುವುದೂ ಕೇಳುತ್ತಿತ್ತು. ಅಮದೋರ್ ಕಿಟಕಿಯ ಹೊರಗೆ ನೋಡುತ್ತಿದ್ದ. ತಮ್ಮ ಮನೆ ಬಂತು, ಲುಸ್ಮಿಲಾ ವೇಗ ಇಳಿಸಿದಳು. "ಹೋಗು, ಹೋಗು. ಅಜ್ಜೀನ ಬಿಟ್ಟು ಬರಣ. ನಾನೂ ಬರ್ತೀನಿ," ಎಂದ. ಮೂರು ವರ್ಷದಲ್ಲಿ ಅವನು ಆ ಏರನ್ನು ಕಂಡಿರಲಿಲ್ಲ.

ನೀಲಗಿರಿ ಮರಗಳ ಕೆಳಗೆ ಟಾರು ಮುಗಿದು ಕರಿಮಣ್ಣು ಶುರುವಾಗುವಲ್ಲಿ ಅವಳು ನಿಲ್ಲಿಸಿದಳು. ನಿನ್ನೆಯ ಮಳೆಗೆ ದಾರಿ ಮಿರಮಿರ ಮಿಂಚುತ್ತಿತ್ತು. ಅವಳು ಇಳಿಯುವ ಮೊದಲೇ ಅಮದೋರ್ ತನ್ನ ಬಾಗಿಲು ತೆರೆದು ಇಳಿದ.

ಸರಿ, ಇಲ್ಲಿಂದಲೇ ಎಂದುಕೊಂಡಳು ಲುಸ್ಮಿಲಾ. ಸೋಮವಾರದವರೆಗೆ ಕಾಯುವುದೇಕೆ? ಗಂಡಸು ಮರಳಿ ಸ್ಟೇರಿಂಗು ಹಿಡಿಯಬೇಕಾದದ್ದು ಇಂಥ ದಾರಿಯಲ್ಲೇ. ಇಂಜಿನ್ ನಿಲ್ಲಿಸಿ ಕೀಲಿ ತೆಗೆದಳು. ಬಾನೆಟ್ಟಿನ ಎದುರು ಇಬ್ಬರೂ ಸಂಧಿಸಿದರು. ಕಣ್ಣು ತುಂಬಿದ್ದು ಕಾಣಬಾರದೆಂದು ಅವಳು ನೆಲ ನೋಡುತ್ತ ಕೀಲಿ ಚಾಚಿದಳು.

"ತಗೊಳ್ಳಿ. ಇಷ್ಟು ವರ್ಷ ನನ್ನ ಕೈಲಿ ಕೊಟ್ರಲ್ಲ, ಆ ಪುಣ್ಯ ದೊಡ್ಡದು."

ಅವನು ಕೀಲಿ ತೆಗೆದುಕೊಂಡ. ಬಂಪರನ್ನು ಹಿಡಿದು, ಒಂದೊಂದೇ ಇಂಚು ಬಗ್ಗಿ, ಹಸಿಮಣ್ಣಿನ ಮೇಲೆ ಒಂದು ಮಂಡಿಯೂರಿದ. ಮುಂದಿನ ಚಕ್ರದ ವಾಲಿನ ಮುಚ್ಚಳ ಬಿಚ್ಚಿ, ಕೀಲಿಯ ತುದಿಯನ್ನು ಅದರ ನಡುವಿಗೆ ಒತ್ತಿದ. ಗಾಳಿ ಬುಸ್ಸೆಂದಿತು.

"ಎಷ್ಟು ಬಿಡ್ಬೇಕು?" ಎಂದ. "ಹೇಳಿಕೊಡು."

ಲುಸ್ಮಿಲಾ ಅವನ ಬಾಗಿದ ಬೆನ್ನನ್ನು ನೋಡುತ್ತ ನಿಂತಳು. ಆಮೇಲೆ ತಲೆಯಿಂದ ಒಂದು ಪಿನ್ನು ತೆಗೆದು ಆಚೆ ಕಡೆಯ ಚಕ್ರಕ್ಕೆ ಹೋಗಿ ಕೂತಳು.

"ಹೆಬ್ಬೆರಳಲ್ಲಿ ಪಕ್ಕ ಒತ್ತಿ ನೋಡಿ. ಸ್ವಲ್ಪ ಒಳಗೆ ಹೋಗ್ಬೇಕು. ಅಲ್ಲೀವರೆಗೂ."

ಎರಡೂ ಬದಿಯಲ್ಲಿ ಗಾಳಿ ಸುಯ್ಯೆನ್ನುತ್ತಿತ್ತು. ನಡುವೆ ಇಂಜಿನ್ನು, ಒಬ್ಬರಿಗೊಬ್ಬರು ಕಾಣುತ್ತಿರಲಿಲ್ಲ.

"ಲುಸ್ಮಿಲಾ," ಎಂದ ಅವನು ಆಚೆಯಿಂದ. "ಆ ಹಸುಗಳು ನನ್ನ ಕೈಗೆ ಒಗ್ಗಿಬಿಟ್ಟಿವೆ ಕಣೆ. ಸೋಮವಾರ ಇದ್ದಕ್ಕಿದ್ದ ಹಾಗೆ ನೀನು ಹೋಗಿ ಕೆಚ್ಚಲಿಗೆ ಕೈ ಹಾಕಿದ್ರೆ ಒದ್ದಾವು."

ಒಳಗಿನಿಂದ ಅಜ್ಜಿ, ಇವತ್ತೇ ಮನೆ ಮುಟ್ಟಿಸ್ತೀರೋ ನಾಳೆಯೋ ಎಂದು ಗೊಣಗಿದಳು.

"ಸಾಕಾ?" ಎಂದು ಅವನು ಕೇಳಿದ.

ಲುಸ್ಮಿಲಾ ಎದ್ದು ಬಂದು, ಅವನ ಪಕ್ಕ ಮಂಡಿಯೂರಿ, ಟೈರಿನ ಮೇಲಿದ್ದ ಅವನ ಹೆಬ್ಬೆರಳಿನ ಮೇಲೆ ತನ್ನದನ್ನಿಟ್ಟು ಒತ್ತಿದಳು.

"ಇನ್ನೂ ಸ್ವಲ್ಪ," ಎಂದಳು.