ಹಸಿ ಉಪ್ಪು

ಹೊಸ ಉಪ್ಪು ಅಳುತ್ತದೆ, ಚೆನ್ನಾಗಿ ಒಣಗಿಸಿಕೊಂಡು ಹೋಗು ಎಂದು ಸಮುದ್ರದ ದಡದಲ್ಲಿ ಬೆಸ್ತರ ಮುದುಕಿ ಹೇಳಿದ್ದಳು. ಕದಿರೇಶ ಕೇಳಲಿಲ್ಲ. ಹೋಳೂರಿನ ಹೊಲೆಗೇರಿಯಲ್ಲಿ ಹುಟ್ಟಿದವನಿಗೆ ಉಪ್ಪು ಎಂದರೆ ಅಂಗಡಿಯ ಗಡುಸು ಹರಳು; ಅದು ಅಳುವುದನ್ನು ಅವನ ವಂಶದಲ್ಲೇ ಯಾರೂ ಕಂಡಿರಲಿಲ್ಲ. ಈಗ ಘಾಟಿ ಹತ್ತಿ ಮುಳಬಾಗಿಲ ಕಡೆಯ ಗುಡ್ಡಗಳಿಗೆ ಬರುವಷ್ಟರಲ್ಲಿ ಬೆನ್ನಿನ ಗೋಣಿಗಂಟು ತೊಟ್ಟಿಕ್ಕುತ್ತಿತ್ತು. ಮುಳ್ಳು ಗೀರಿದ ಬೆನ್ನಿನ ಮೇಲೆ ಉಪ್ಪುನೀರು ಇಳಿದಾಗಲೆಲ್ಲ ಕೆಂಡ ಇಟ್ಟಂತಾಗುತ್ತಿತ್ತು.

ಮೂವತ್ತನೇ ಇಸವಿಯ ಬೇಸಿಗೆ. ಸಮುದ್ರದ ನೀರು ಕಾಯಿಸಿ ಉಪ್ಪು ಮಾಡಿದವನಿಗೆ ಬ್ರಿಟಿಷರ ಸೀಮೆಯಲ್ಲಿ ಲಾಠಿ, ಜೈಲು. ಮುಳಬಾಗಿಲ ಸಭೆಗೆ ಅಂಥ ಉಪ್ಪು ಬೇಕು, ತರುವವರು ಯಾರು ಎಂದು ಖಾದಿಯ ಮುಖಂಡ ಚನ್ನರಾಯಪ್ಪ ವಾಚನಕೂಟದಲ್ಲಿ ಕೇಳಿದಾಗ ಜಗಲಿಯ ಮೇಲಿದ್ದವರೆಲ್ಲ ನೆಲ ನೋಡಿದರು. ಅಂಗಳದಲ್ಲಿ ಕೂತು ಕೇಳುತ್ತಿದ್ದ ಕದಿರೇಶ ಎದ್ದು ನಿಂತ. ಒಂದೇ ಮಾತು ಕೇಳಿಕೊಂಡ: “ಸಭೇಲಿ ಆ ಉಪ್ಪನ್ನ ನನ್ನ ಕೈಯಾರೆ ಹಂಚಬೇಕು.”

“ಆಗ್ಲಿ ಕಣೋ, ಅದಕ್ಕೇನಂತೆ,” ಎಂದಿದ್ದರು ಚನ್ನರಾಯಪ್ಪ.

ಆ ಒಂದು ಮಾತನ್ನು ಬುತ್ತಿ ಮಾಡಿಕೊಂಡು ಕದಿರೇಶ ಒಬ್ಬನೇ ಸಮುದ್ರಕ್ಕೆ ನಡೆದಿದ್ದ, ಒಬ್ಬನೇ ಮರಳುತ್ತಿದ್ದ. ಮೈಸೂರು ಸೀಮೆಯ ಗಡಿಕಲ್ಲು ಎದುರಿನ ದಿಣ್ಣೆಯ ಮೇಲೆ ಕಾಣುತ್ತಿತ್ತು. ಅಷ್ಟರಲ್ಲಿ ಕೆಳಗಿನ ದಾರಿಯಲ್ಲಿ ಕೆಂಪು ರುಮಾಲು ಕಂಡಿತು. ಪೊಲೀಸಿನವನು. ಕದಿರೇಶ ಬಂಡೆಯ ಸಂದಿಗೆ ಹೊಕ್ಕು, ಗಂಟನ್ನು ಎದೆಗೆ ಅವುಚಿಕೊಂಡು, ತಂಗಡಿ ಪೊದೆಯ ಮರೆಯಲ್ಲಿ ಮುದುಡಿದ.

ಮನುಷ್ಯರ ಕಣ್ಣಿಗೆ ಮರೆಯಾಗಬಹುದು, ಮೇಕೆಯ ಮೂಗಿಗೆ ಆಗುವುದಿಲ್ಲ. ಮೊದಲು ಒಂದು ಕಪ್ಪು ಹೋತ ಬಂದು ಅವನ ಮೊಣಕೈ ನೆಕ್ಕಿತು. ಹಿಂದೆಯೇ ಇಡೀ ಮಂದೆ ನುಗ್ಗಿತು. ಅಟ್ಟಿದರೆ ಸದ್ದಾಗುತ್ತದೆ, ಅಟ್ಟದಿದ್ದರೆ ಉಪ್ಪು ಮೇಕೆಗಳ ಪಾಲು. ಕದಿರೇಶ ಹಲ್ಲು ಕಚ್ಚಿ ಗಂಟಿನ ಬಾಯಿ ಹಿಡಿದುಕೊಂಡ. ಒರಟು ನಾಲಿಗೆಗಳು ಅವನ ಗಾಯಗಳನ್ನೇ ನೆಕ್ಕುತ್ತಿದ್ದವು.

ಮಂದೆ ಕಾಯುವ ಗೊಲ್ಲರ ದೊಡ್ಡಮುನಿಯಮ್ಮ ಕೋಲು ಹಿಡಿದು ಬಂದು ಪೊದೆ ಸರಿಸಿದಳು. ನಾಲ್ಕು ಕಣ್ಣು ಕೂಡಿದವು. ಅವಳು ಪೊದೆ ಬಿಟ್ಟು, ತಿರುಗಿ ನಿಂತಳು.

“ಏನಮ್ಮಾ, ಮೇಕೆಯೆಲ್ಲ ಅಲ್ಲೇ ಯಾಕೆ ಸೇರವೆ?” ಪೊಲೀಸಿನವನ ದನಿ.

“ಚೌಳು ಮಣ್ಣು ಸ್ವಾಮಿ. ನಿಮ್ಮ ದೊರೆ ಉಪ್ಪಿನ ಮೇಲೆ ಸುಂಕ ಹಾಕವ್ನೆ, ನನ್ನ ಮೇಕೆಗೆ ಕಾಸೆಲ್ಲಿಂದ ಬರಬೇಕು? ಮಣ್ಣು ನೆಕ್ತವೆ. ಅದಕ್ಕೂ ಸುಂಕ ಅಂದ್ರೆ ಹೋತನ್ನ ಹಿಡ್ಕೊಂಡೋಗಿ, ಕಟಕಟೇಲಿ ನಿಲ್ಲಿಸಿ.”

“ನಾಲಿಗೆ ಉದ್ದ ಆಯ್ತು ಮುದುಕಿ.”

“ಮೇಕೆದೂ ಅಷ್ಟೇ ಸ್ವಾಮಿ.”

ಬೂಟಿನ ಸದ್ದು ಬಂಡೆಯ ತನಕ ಬಂತು. ನಿಂತಿತು. ಹೋತ ತಲೆ ಬಗ್ಗಿಸಿ ಕೊಂಬು ಆಡಿಸಿತೇನೋ, ಪೊಲೀಸಿನವನು ಬೈದುಕೊಂಡು ದಾರಿಗಿಳಿದ.

ಸದ್ದಡಗಿದ ಮೇಲೆ ಕದಿರೇಶ ಹೊರಬಂದ. ಗಂಟು ಅರ್ಧಕ್ಕೆ ಕುಗ್ಗಿತ್ತು. ದೊಡ್ಡಮುನಿಯಮ್ಮ ಅಂಗೈ ಒಡ್ಡಿದಳು. “ನನ್ನ ಅಂಬಲಿಗೊಂದು ಚಿಟಿಕೆ ಹಾಕು.”

ಅವನು ಕೈ ಹಿಂದಕ್ಕೆಳೆದು ಒಂದು ಹಿಡಿ ಉಪ್ಪನ್ನು ಬಂಡೆಯ ಮೇಲಿಟ್ಟ. “ನಾನು ಹೋಳೂರು ಹೊಲೆಗೇರಿಯೋನವ್ವಾ. ಅದೂ ಅಲ್ದೆ ಉಪ್ಪು ಕೈಯಿಂದ ಕೈಗೆ ಕೊಡಬಾರದಂತೆ. ಜಗಳ ಆಗ್ತದೆ ಅಂತಾರೆ.”

ಮುದುಕಿ ಬಂಡೆಯ ಮೇಲಿನ ಉಪ್ಪನ್ನು ನೋಡಿದಳು. ಅವನ ಬೆನ್ನಿನ ರಕ್ತವನ್ನು ನೋಡಿದಳು. ಅಂಗೈ ಮಾತ್ರ ಹಿಂದಕ್ಕೆ ಹೋಗಲಿಲ್ಲ.

“ಸಾಯೋ ವಯಸ್ಸಲ್ಲಿ ನಿನ್ನ ಜೊತೆ ಜಗಳ ಆಡಿದ್ರೆ ಏನ್ಲಾ ಹೋಯ್ತದೆ ನನ್ನ ಗಂಟು? ಆದ್ರೆ ಆಗ್ಲಿ. ಹಾಕು.”

ಕದಿರೇಶ ಬಂಡೆಯ ಮೇಲಿನದನ್ನು ಬಳಿದು ಅವಳ ಅಂಗೈಗೆ ಹಾಕಿದ.

ಮುಳಬಾಗಿಲ ಊರಾಚೆಯ ಹುಣಸೆಮರದ ಕೆಳಗೆ ಚನ್ನರಾಯಪ್ಪ ಕಾಯುತ್ತಿದ್ದರು. ಜೊತೆಗೆ ಖಾದಿ ತೊಟ್ಟ ಇಬ್ಬರು, ಅವರ ಕೈಯಲ್ಲಿ ತೊಳೆದ ಹಿತ್ತಾಳೆ ಹರಿವಾಣ. ದೂರದಲ್ಲಿ ವೇದಿಕೆ, ಜನ, ಜಯಕಾರ.

“ಬಂದ್ಯಾ ಕದಿರೇಶ? ಶಹಬ್ಬಾಸ್. ಗಂಟು ಅಲ್ಲೇ ನೆಲದ ಮೇಲಿಡು. ಇವರು ಹರಿವಾಣಕ್ಕೆ ತುಂಬಿಕೊಂಡು ಹೋಗ್ತಾರೆ.”

“ನಾನೇ ಹಂಚ್ತೀನಿ ಅಂದಿದ್ನಲ್ಲ ಅಯ್ಯಾ.”

“ಜನ ಇನ್ನೂ ತಯಾರಾಗಿಲ್ಲ ಕಣೋ. ಮೊದಲು ಸ್ವರಾಜ್ಯ ಬರ್ಲಿ, ಆಮೇಲೆ ಇದೆಲ್ಲ. ನೀನೂ ತಿಳಿದೋನು.” ಚನ್ನರಾಯಪ್ಪ ನಕ್ಕು ದನಿ ಇಳಿಸಿದರು. “ನಾನೇನು ಜಾತಿ ನೋಡ್ತೀನಾ? ಉಪ್ಪು ಕೈಯಿಂದ ಕೈಗೆ ತಗೋಬಾರದು, ಜಗಳ ಆಗ್ತದೆ. ಹಿರೀಕರು ಹೇಳಿರೋದು. ಕೆಳಗಿಡು.”

ಸರ್ಕಾರದ ಲಾಠಿಗೆ ಹೆದರಿ ಬಂಡೆಯ ಸಂದಿಯಲ್ಲಿ ಮುದುಡಿದ್ದ ಮೈ ಅದು. ಹರಿವಾಣದವರು ಒಂದು ಹೆಜ್ಜೆ ಮುಂದೆ ಬಂದರು. ಕದಿರೇಶನ ಮೊಣಕಾಲು ಒಂದು ಗಳಿಗೆ ಬಗ್ಗಿತು ಕೂಡ. ಬಗ್ಗುವುದು ಅದಕ್ಕೆ ಅಜ್ಜನ ಕಾಲದಿಂದ ರೂಢಿ. ಗಂಟಿನಿಂದ ಒಂದು ಹನಿ ಬೆನ್ನಿನ ಗಾಯಕ್ಕಿಳಿದು ಚುರ್ ಎಂದಿತು.

ಅವನು ಗಂಟನ್ನು ಇನ್ನಷ್ಟು ಮೇಲಕ್ಕೆ ಏರಿಸಿಕೊಂಡ. ಅದರ ಬಾಯಿ ಬಿಚ್ಚಿ ಒಂದು ಹಿಡಿ ಉಪ್ಪು ತೆಗೆದು, ಚನ್ನರಾಯಪ್ಪನವರ ಎದೆಯ ಮಟ್ಟಕ್ಕೆ ಚಾಚಿದ. ಹಸಿ ಉಪ್ಪು ಅವನ ಬೆರಳ ಸಂದಿಯಿಂದ ತೊಟ್ಟಿಕ್ಕುತ್ತಿತ್ತು.

“ಕೈ ಒಡ್ಡಿ ಅಯ್ಯಾ.”

ಚನ್ನರಾಯಪ್ಪನವರ ಕೈ ಮೇಲೇಳಲಿಲ್ಲ.

“ಹಂಗಾದ್ರೆ ದಾರಿ ಬಿಡಿ,” ಎಂದ ಕದಿರೇಶ. “ಜಗಳ ಆದ್ರೆ ಆಗ್ಲಿ.”

ಆ ಹಿಡಿಯನ್ನು ಹಾಗೆಯೇ ಮುಂದಕ್ಕೆ ಚಾಚಿಕೊಂಡು ಅವನು ಜನರ ಕಡೆಗೆ ನಡೆದ.